ಅಂಗೈಯಲ್ಲಿ ಹಿಡಿಯುವ ಕೆರೆ

ಅರಸೀಕೆರೆ ಕಡೆಯ ತೋಟದ ಮನೆಗಳಲ್ಲಿ ಎರಡು ವಸ್ತುಗಳು ತಿಂಗಳುಗಟ್ಟಲೆ ಕದಲದೆ ಇರುತ್ತವೆ. ಒಂದು, ಅಟ್ಟದ ಮೇಲೆ ಕೊಬ್ಬರಿಗೆಂದು ಬಿಟ್ಟ ತೆಂಗಿನಕಾಯಿ. ಇನ್ನೊಂದು, ಜಗಲಿ ಪಕ್ಕದಲ್ಲಿ ಗೋಣಿಚೀಲ ಹೊದ್ದು ನಿಂತ ಹಳೆಯ ಸ್ಕೂಟರ್. ಕಾಯಿಗೆ ಕಾಲ ಒಳ್ಳೆಯದನ್ನೇ ಮಾಡುತ್ತದೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಸ್ಕೂಟರಿನೊಳಗಿನ ಪೆಟ್ರೋಲಿಗೆ ಮಾತ್ರ ಅದೇ ಕಾಲ ಕೆಡುಕು. ಅದರ ಹಗುರ ಅಂಶ ಮೊದಲು ಆವಿಯಾಗಿ ಹೋಗುತ್ತದೆ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಜಾಲಿ ಮರದ ಅಂಟಿನ ಹಾಗೆ ಕಂದು ಬಣ್ಣಕ್ಕೆ ತಿರುಗಿ ಮೆತ್ತಿಕೊಳ್ಳುತ್ತದೆ. ಮಳೆಗಾಲ ಮುಗಿಸಿಕೊಂಡು ಗಾಡಿ ತೆಗೆದರೆ ಕಿಕ್ ಹೊಡೆದು ಕಾಲು ನೋಯುತ್ತದೆಯೇ ಹೊರತು ಎಂಜಿನ್ ಉಸಿರೆತ್ತುವುದಿಲ್ಲ.

ಪೇಟೆಯಲ್ಲಿ ಇದನ್ನು 'ಕಾರ್ಬೇಟರ್ ಪ್ರಾಬ್ಲಂ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆ ಒಂದು ಮಾತಿನೊಳಗೆ ಐದಾರು ಬೇರೆ ಬೇರೆ ಕಾಯಿಲೆಗಳಿವೆ. ಅವುಗಳ ಗುರುತು ಹಿಡಿಯಲು ಮೆಕ್ಯಾನಿಕ್ಕೇ ಆಗಬೇಕೆಂದಿಲ್ಲ, ಕೆರೆ ನೋಡಿದ್ದರೆ ಸಾಕು.

ಅರಸಿಯ ಕೆರೆಯೇ ಅರಸೀಕೆರೆ ಆಯಿತು ಎನ್ನುತ್ತಾರೆ. ಹೊಯ್ಸಳರ ರಾಜಧಾನಿಯಾಗಿದ್ದ ಹಳೇಬೀಡು ಆಗ ದೋರಸಮುದ್ರ. ಆ ಹೆಸರೂ ಕೆರೆಯಿಂದಲೇ ಬಂದದ್ದು. ಕೆರೆಗೆ ನೀರು ತರುವ ಕಾಲುವೆ, ನೀರು ಬಿಡುವ ತೂಬು, ಹೆಚ್ಚಾದದ್ದು ಹರಿದುಹೋಗುವ ಕೋಡಿ, ತಳದಲ್ಲಿ ಕೂರುವ ಹೂಳು ಈ ಸೀಮೆಯ ಮಕ್ಕಳಿಗೂ ಗೊತ್ತು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ತಳದಲ್ಲಿರುವ ಬಟ್ಟಲು ಅಂಥದೇ ಕೆರೆ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಟ್ಯಾಂಕಿನಿಂದ ಪೆಟ್ರೋಲ್ ಇಲ್ಲಿಗೆ ಇಳಿಯುತ್ತದೆ. ಬಟ್ಟಲಿನಲ್ಲಿ ಒಂದು ಫ್ಲೋಟ್ ತೇಲುತ್ತಿರುತ್ತದೆ. ಮಟ್ಟ ಏರಿದಂತೆ ಅದೂ ಏರಿ, ಒಂದು ಮೊನಚು ಪಿನ್ನನ್ನು ಒತ್ತಿ ಕಾಲುವೆಯ ಬಾಯಿ ಮುಚ್ಚುತ್ತದೆ. ಎಂಜಿನ್ ಕುಡಿದಷ್ಟು ಮಟ್ಟ ಇಳಿದರೆ ಬಾಯಿ ಮತ್ತೆ ತೆರೆಯುತ್ತದೆ. ತೂಬಿನ ಜಾಗದಲ್ಲಿ ಹಿತ್ತಾಳೆಯ ಎರಡು ಜೆಟ್‌ಗಳಿವೆ: ಗಾಡಿ ನಿಂತಲ್ಲೇ ಗುನುಗುವಾಗ ಪೆಟ್ರೋಲ್ ಕೊಡುವ ಸಣ್ಣ ಸ್ಲೋ ಜೆಟ್, ರೇಸ್ ಕೊಟ್ಟಾಗ ಕೊಡುವ ಮೇನ್ ಜೆಟ್. ಕೋಡಿಯೇ ಓವರ್‌ಫ್ಲೋ ಪೈಪು.

ಕೆರೆಯ ನೀರು ಇಳಿಜಾರಿಗೆ ತಾನೇ ಹರಿಯುತ್ತದೆ. ಬಟ್ಟಲಿನ ಪೆಟ್ರೋಲ್ ಮೇಲಕ್ಕೆ ಏರಬೇಕು. ಏರಿಸುವುದು ಗಾಳಿ. ಹಿಂದೆ ಮನೆಗಳಲ್ಲಿ ಸೊಳ್ಳೆಗೆ ಫ್ಲಿಟ್ ಪಂಪು ಹೊಡೆಯುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಸಣ್ಣ ಕೊಳವೆಯ ತುದಿಯ ಮೇಲೆ ಗಾಳಿ ರಭಸವಾಗಿ ಹಾಯ್ದರೆ ಕೆಳಗಿನ ಡಬ್ಬಿಯ ಔಷಧಿ ಮೇಲೆದ್ದು ತುಂತುರಾಗುತ್ತಿತ್ತು. ಕಾರ್ಬ್ಯುರೇಟರಿನ ಗಂಟಲನ್ನು ನಡುವೆ ಕಿರಿದು ಮಾಡಿರುವುದು ಇದಕ್ಕೇ. ಕಿರಿದಾದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಬಟ್ಟಲಿನ ಮೇಲಿರುವ ಹೊರಗಿನ ಗಾಳಿಯ ಒತ್ತಡ ಇಳಿದಿಲ್ಲವಲ್ಲ, ಅದು ಪೆಟ್ರೋಲನ್ನು ಜೆಟ್ ಮೂಲಕ ಮೇಲಕ್ಕೆ ತಳ್ಳುತ್ತದೆ. ಎಂಜಿನ್ ಪೆಟ್ರೋಲ್ ಹೀರುತ್ತದೆ ಎಂದು ನಾವು ಹೇಳುವುದು ಮಾತಿನ ರೂಢಿ, ನಡೆಯುವುದು ತಳ್ಳಾಟ. ವೇಗಕ್ಕೂ ಒತ್ತಡಕ್ಕೂ ಇರುವ ಈ ನಂಟನ್ನು ಡೇನಿಯಲ್ ಬರ್ನೂಲಿ 1738ರಲ್ಲಿ ಬರೆದಿಟ್ಟ. ಕಿರಿದಾದ ಗಂಟಲಿನ ಪರಿಣಾಮವನ್ನು ಇಟಲಿಯ ವೆಂಚುರಿ 1797ರಲ್ಲಿ ವಿವರಿಸಿದ. ಇಬ್ಬರ ಕಾಲದಲ್ಲೂ ಪೆಟ್ರೋಲ್ ಎಂಜಿನ್ನೇ ಇರಲಿಲ್ಲ.

ಲೆಕ್ಕ ಎಷ್ಟು ನಾಜೂಕು ನೋಡಿ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. 110 ಸಿಸಿ ಎಂಜಿನ್ ಒಂದು ಉಸಿರಿಗೆ ಕುಡಿಯುವ ಪೆಟ್ರೋಲ್ ಹೆಚ್ಚೆಂದರೆ ಸುಮಾರು ಒಂದು ಮಿಲಿಲೀಟರಿನ ನೂರನೇ ಒಂದು ಭಾಗ. ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಇಂಥ ಉಸಿರು ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು. ಬ್ಯಾಟರಿ, ಸೆನ್ಸರ್, ಚಿಪ್ ಯಾವುದೂ ಇಲ್ಲದೆ, ಬರೀ ತೂತುಗಳ ಅಳತೆಯಿಂದ ಇಷ್ಟು ಲೆಕ್ಕ ಇಡುವ ಈ ಯಂತ್ರದ ಮೇಲೆ ನನಗೆ ಬಹಳ ಗೌರವ.

ಈಗ ಹೂಳಿನ ಮಾತು. ನಿಂತ ಪೆಟ್ರೋಲಿನ ಅಂಟು ಮೊದಲು ಕಟ್ಟುವುದು ಎಲ್ಲಕ್ಕಿಂತ ಕಿರಿದಾದ ಸ್ಲೋ ಜೆಟ್ಟನ್ನು. ಲಕ್ಷಣ ಸ್ಪಷ್ಟ: ಚೋಕ್ ಎಳೆದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಚೋಕ್ ಬಿಟ್ಟರೆ ಆರುತ್ತದೆ. ರೇಸ್ ಕೊಡುತ್ತಲೇ ಇದ್ದರೆ ಓಡುತ್ತದೆ, ಸಿಗ್ನಲ್ಲಿನಲ್ಲಿ ಕೈ ಸಡಿಲಿಸಿದೊಡನೆ ಬಂದ್. ಇದಕ್ಕೆ ತಿರುಗುಮುರುಗಾಗಿ, ನಿಂತಲ್ಲಿ ಚೆನ್ನಾಗಿ ಗುನುಗಿ ಓಡುವಾಗ ಎಳೆಯದಿದ್ದರೆ ಮೇನ್ ಜೆಟ್ ಅಥವಾ ಅದಕ್ಕೂ ಮೇಲಿನ ದಾರಿಯನ್ನು ನೋಡಬೇಕು.

ಸ್ಲೋ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತ ಕಿರಿದು. ಬಿಚ್ಚಿ ಬೆಳಕಿಗೆ ಹಿಡಿದರೆ ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಾಣಬೇಕು. ಕಾಣದಿದ್ದರೆ ಕಟ್ಟಿದೆ. ಆಗ ಕೈಗೆ ಸಿಕ್ಕ ಪಿನ್ನು ತೂರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬಳಪದ ಕಲ್ಲನ್ನು ತಿರುಗಿಸಿ ಬಳೆಬಳೆಯಾಗಿ ಕಡೆದ ಕಂಬಗಳಿವೆ. ಅವನ್ನು ಮೊಳೆಯಿಂದ ಗೀಚಲು ಯಾರಿಗೂ ಮನಸ್ಸು ಬಾರದು. ಜೆಟ್ ಕೂಡ ಹಾಗೆಯೇ ಕಡೆದು, ಕೊರೆದು ಮಾಡಿದ ವಸ್ತು, ಹಿತ್ತಾಳೆಯೂ ಬಳಪದ ಕಲ್ಲಿನಂತೆ ಮೆತ್ತಗೆ. ತೂತು 0.35 ಮಿಲಿಮೀಟರಿನಿಂದ 0.40ಕ್ಕೆ ಹಿಗ್ಗಿದರೆ ಅದರ ವಿಸ್ತೀರ್ಣ ನೂರಕ್ಕೆ ಮೂವತ್ತು ಹೆಚ್ಚುತ್ತದೆ, ಆಮೇಲೆ ಆ ಗಾಡಿ ಮೈಲೇಜ್ ಕೊಡುವುದಿಲ್ಲ. ಪೊರಕೆ ಕಡ್ಡಿಯಂತೂ ಒಳಗೇ ಮುರಿದು ಕೂರುತ್ತದೆ. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬಿಟ್ಟರೆ ಸಾಮಾನ್ಯವಾಗಿ ಬಿಡುತ್ತದೆ. ಹಟ ಮಾಡಿದರೆ ಕರೆಂಟ್ ವೈರಿನೊಳಗಿನ ತಾಮ್ರದ ಒಂದೇ ಒಂದು ಎಳೆ ಸಾಕು. ತಾಮ್ರ ಹಿತ್ತಾಳೆಗಿಂತ ಮೆದು. ಬೆರೆಯುವ ಗಾಳಿಯ ಹದ ಕಾಯುವ ಗಾಳಿ ತಿರುಪನ್ನು ಬಿಚ್ಚುವ ಮೊದಲು ಪೂರ್ತಿ ಒಳಕ್ಕೆ ತಿರುಗಿಸಿ ಎಷ್ಟು ಸುತ್ತು ಎಂದು ಎಣಿಸಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಈ ಕೆಲಸವೆಲ್ಲ ಎಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ. ಬೀಡಿ ಸೇದುವವರನ್ನು ದೂರ ಕಳಿಸಿ. ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲ್ ಎಳೆಯಲೇಬೇಡಿ, ಶ್ವಾಸಕೋಶಕ್ಕೆ ಒಂದು ಗುಟುಕು ಇಳಿದರೂ ಜೀವಕ್ಕೆ ಅಪಾಯ.

ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ದಾರಿಯಲ್ಲಿ ನನ್ನ ಗಾಡಿ ಒಮ್ಮೆ ವಿಚಿತ್ರ ಹಟ ಹಿಡಿಯಿತು. ಏಳೆಂಟು ಕಿಲೋಮೀಟರ್ ಓಡುವುದು, ಮುಗ್ಗರಿಸುವುದು, ನಿಲ್ಲುವುದು. ಹತ್ತು ನಿಮಿಷ ಸುಮ್ಮನಿದ್ದರೆ ಏನೂ ಆಗದವರಂತೆ ಮತ್ತೆ ಓಡುವುದು. ಪ್ಲಗ್ ಬಿಚ್ಚಿದೆ, ಕಿಡಿ ಚೆನ್ನಾಗಿತ್ತು. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲಿತ್ತು. ಜಾವಗಲ್ ದಾಟಿ ಮೂರನೇ ಸಲ ನಿಂತಾಗ, ರಸ್ತೆಯ ಮೇಲೆ ಹುರುಳಿ ಹರವಿದ್ದ ಹಿರಿಯರೊಬ್ಬರು ಮೊರ ಕೆಳಗಿಟ್ಟು ಬಂದರು.

"ಮುಚ್ಳ ಬಿಚ್ಚಿ ನೋಡಪ್ಪ."

"ಪೆಟ್ರೋಲ್ ಇದೆ ಯಜಮಾನ್ರೇ."

"ಪೆಟ್ರೋಲ್ ಇರ್ಲಿ ಕಣಪ್ಪ. ಎಣ್ಣೆ ಡಬ್ಬಕ್ಕೆ ಒಂದೇ ತೂತ ಹೊಡುದ್ರೆ ಎಣ್ಣೆ ಬತ್ತದಾ?"

ಮುಚ್ಚಳ ತಿರುಗಿಸಿದೆ. 'ಸ್‌ಸ್' ಎಂದು ಗಾಳಿ ಒಳಗೆ ನುಗ್ಗಿತು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೆಂದು ಒಂದು ಕಣ್ಣು ಇರುತ್ತದೆ. ಖರ್ಚಾದ ಪೆಟ್ರೋಲಿನ ಜಾಗ ತುಂಬಲು ಅಲ್ಲಿಂದ ಗಾಳಿ ಇಳಿಯಬೇಕು. ನನ್ನ ಮುಚ್ಚಳದ ಕಣ್ಣು ಧೂಳು, ಹೊಟ್ಟು ಮೆತ್ತಿಕೊಂಡು ಮುಚ್ಚಿಹೋಗಿತ್ತು. ಗಾಳಿ ಬಾರದೆ ಟ್ಯಾಂಕಿನೊಳಗೆ ಒತ್ತಡ ಇಳಿದು, ಪೆಟ್ರೋಲ್ ಇದ್ದಲ್ಲೇ ತೂಗಿಕೊಂಡು ನಿಂತಿತ್ತು. ನಾನು ಹತ್ತು ನಿಮಿಷ ಕಾದಾಗಲೆಲ್ಲ ಎಲ್ಲಿಂದಲೋ ನುಸುಳಿದ ಚೂರು ಗಾಳಿ ಅದನ್ನು ಸ್ವಲ್ಪ ಇಳಿಸುತ್ತಿತ್ತು. ಆ ಯಜಮಾನರು ತಮ್ಮ ಪಂಚೆಯ ಅಂಚಿನಿಂದಲೇ ಮುಚ್ಚಳ ಒರೆಸಿ, ಕಣ್ಣಿಗೆ ಬಾಯಿಯಿಂದ ಗಾಳಿ ಊದಿ ನನ್ನ ಕೈಗಿತ್ತರು. ಪೆಟ್ರೋಲಿನ ಕಾಯಿಲೆ ಎಂದು ನಾವು ಕರೆಯುವುದರಲ್ಲಿ ಅರ್ಧದಷ್ಟು ಗಾಳಿಯ ಕಾಯಿಲೆ ಎಂಬುದು ನನಗೆ ತಿಳಿದದ್ದು ಆ ಹುರುಳಿ ಒಕ್ಕಣೆಯ ಪಕ್ಕದಲ್ಲಿ.

ಅದೇ ಹೊಟ್ಟು ಏರ್ ಫಿಲ್ಟರಿಗೆ ತುಂಬಿಕೊಂಡರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಮಿಗುತ್ತದೆ: ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್. ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟರೆ ಕಳ್ಳಗಾಳಿ ನುಗ್ಗುತ್ತದೆ. ರೇಸ್ ಬಿಟ್ಟರೂ ಎಂಜಿನ್ ಸದ್ದು ಕೂಡಲೇ ಇಳಿಯದು, ಸೈಲೆನ್ಸರಿನಲ್ಲಿ ಪಟಪಟ, ಪ್ಲಗ್ಗಿನ ತುದಿ ಸುಣ್ಣ ಬಳಿದಂತೆ ಬೆಳ್ಳಗೆ. ಎಲ್ಲ ಹದವಾಗಿದ್ದರೆ ಪ್ಲಗ್ಗಿನ ಬಣ್ಣ ಬೇಲೂರಿನವರು ಹದವಾಗಿ ಹುರಿದ ಕಾಫಿಬೀಜದ್ದು.

ಕೋಡಿ ಬೀಳುವುದು ಬೇರೆ ಕಥೆ. ಫ್ಲೋಟಿನ ಪಿನ್ನಿಗೆ ಮರಳಿನ ಕಣ ಸಿಕ್ಕಿಕೊಂಡರೆ ಕಾಲುವೆಯ ಬಾಯಿ ಮುಚ್ಚದೆ ಪೆಟ್ರೋಲ್ ತುಂಬಿ ಓವರ್‌ಫ್ಲೋ ಪೈಪಿನಲ್ಲಿ ತೊಟ್ಟಿಕ್ಕುತ್ತದೆ. ಬಟ್ಟಲಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಕಣ ಜಾರಿ ಬಿಡುತ್ತದೆ. ನಿಲ್ಲದಿದ್ದರೆ ಎಂಜಿನ್ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು ಆಯಿಲ್ ನೀರಾಗಿದ್ದರೆ ಗಾಡಿ ಓಡಿಸದೆ ಮೊದಲು ಆಯಿಲ್ ಬದಲಿಸಬೇಕು. ಗೇರಿಲ್ಲದ ಹಲವು ಸ್ಕೂಟರ್‌ಗಳಲ್ಲಿ ಪೆಟ್ರೋಲ್ ಕೊಳಾಯಿಯೇ ಎಂಜಿನ್ನಿನ ಸೆಳೆತಕ್ಕೆ ತಾನಾಗಿ ತೆರೆದು ಮುಚ್ಚುವಂಥದು. ಅದರ ರಬ್ಬರ್ ಪೊರೆ ಹರಿದರೆ ಪೆಟ್ರೋಲ್ ಕಾರ್ಬ್ಯುರೇಟರನ್ನೇ ತಪ್ಪಿಸಿಕೊಂಡು ಆ ಸೆಳೆತದ ಪೈಪಿನಿಂದ ನೇರ ಎಂಜಿನ್ನಿಗೆ ಇಳಿಯುತ್ತದೆ. ಆಗ ಕಾರ್ಬ್ಯುರೇಟರನ್ನು ಎಷ್ಟು ಸಲ ತೊಳೆದರೂ ಫಲವಿಲ್ಲ.

ಬೇಲೂರು ಮಲೆನಾಡಿನ ಸೆರಗು. ಮಳೆಯಲ್ಲಿ ನಿಂತ ಗಾಡಿಯ ಟ್ಯಾಂಕಿಗೆ ನೀರು ಇಳಿಯುತ್ತದೆ. ಬಟ್ಟಲಿನ ತಳದ ಡ್ರೇನ್ ತಿರುಪು ಸಡಿಲಿಸಿ, ಒಂದು ಗಾಜಿನ ಸೀಸೆಗೆ ಹಿಡಿದು ನೋಡಿ. ನೀರಿದ್ದರೆ ತಳದಲ್ಲಿ ಗುಂಡಾಗಿ ಉರುಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಇದಕ್ಕೊಂದು ತೊಡಕು ಸೇರಿದೆ. ದೇಶದಲ್ಲಿ ಎಥನಾಲ್ ಬೆರಕೆ 2022ರಲ್ಲಿ ನೂರಕ್ಕೆ ಹತ್ತಕ್ಕೆ, 2025ರಲ್ಲಿ ಇಪ್ಪತ್ತಕ್ಕೆ ಮುಟ್ಟಿತು. ಎಥನಾಲ್ ನೀರನ್ನು ಒಲಿದು ಕರೆದುಕೊಳ್ಳುತ್ತದೆ. ಸ್ವಲ್ಪ ನೀರನ್ನು ಕರಗಿಸಿಕೊಂಡಿರುತ್ತದೆ, ಮಿತಿ ಮೀರಿದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆಯೇ ತಳಕ್ಕಿಳಿಯುತ್ತದೆ. ಜೆಟ್ ಇರುವುದೂ ತಳದಲ್ಲೇ. ಮೇಲಾಗಿ ಎಥನಾಲ್ ಉರಿಯಲು ತೂಕದಲ್ಲಿ ಸುಮಾರು 9 ಪಾಲು ಗಾಳಿ ಸಾಕು. ಬರೀ ಪೆಟ್ರೋಲಿಗೆ ಅಳೆದಿಟ್ಟ ಜೆಟ್ಟಿಗೆ ಈ ಬೆರಕೆ ಕೊಂಚ ಬಡಕಲು, ಚಳಿಯ ಬೆಳಗ್ಗೆ ಚೋಕನ್ನು ಇನ್ನಷ್ಟು ಹೊತ್ತು ಬೇಡುತ್ತದೆ. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಹೊಗೆ ನಿಯಮದಡಿ ಬಂದ ಹೊಸ ಸ್ಕೂಟರ್‌ಗಳು ಕಾರ್ಬ್ಯುರೇಟರ್ ಇಲ್ಲದ ಇಂಜೆಕ್ಷನ್‌ನವು; ಸೈಲೆನ್ಸರ್ ದಾರಿಯ ಆಮ್ಲಜನಕ ಅಳೆದು ಪೆಟ್ರೋಲನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಹಳೆಯವಕ್ಕೆ ಆ ಶಕ್ತಿಯಿಲ್ಲ. ಆದರೆ ಅವಿನ್ನೂ ಕೊಬ್ಬರಿ ಚೀಲ ಹೊತ್ತು ಅರಸೀಕೆರೆ ಮಾರುಕಟ್ಟೆಗೆ ಬರುತ್ತಲೇ ಇವೆ.

ನಿಂತ ಪೆಟ್ರೋಲಿಗೆ ಹಿಂದಿನವರಲ್ಲಿ ಒಳ್ಳೆಯ ಮದ್ದಿತ್ತು. 1972ರಲ್ಲಿ ಬಂದ ಬಜಾಜ್ ಚೇತಕ್ ಓಡಿಸಿದವರು ಮನೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಪೆಟ್ರೋಲ್ ಕೊಳಾಯಿ ಮುಚ್ಚುತ್ತಿದ್ದರು. ಅಂಗಳಕ್ಕೆ ಬರುವಷ್ಟರಲ್ಲಿ ಬಟ್ಟಲು ಬರಿದಾಗಿ ಎಂಜಿನ್ ತಾನೇ ಆರುತ್ತಿತ್ತು, ಅಂಟುಗಟ್ಟಲು ಒಳಗೆ ಏನೂ ಉಳಿಯುತ್ತಿರಲಿಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸುತ್ತಿದ್ದ ಆ ಎರಡು ಸ್ಟ್ರೋಕಿನ ಗಾಡಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಬಟ್ಟಲಿನ ಪೆಟ್ರೋಲ್ ಆರಿದರೆ ಆಯಿಲ್ ಮಾತ್ರ ಉಳಿಯುತ್ತಿತ್ತು. ಬೆಳಗ್ಗೆ ಗಾಡಿಯನ್ನು ಪಕ್ಕಕ್ಕೆ ವಾಲಿಸಿ, ಎರಡು ಕ್ಷಣ ಹಿಡಿದು, ನೆಟ್ಟಗೆ ಮಾಡಿ ಕಿಕ್ ಹೊಡೆಯುತ್ತಿದ್ದದ್ದರಲ್ಲೂ ಅರ್ಥವಿತ್ತು. ವಾಲಿದಾಗ ಬಟ್ಟಲಿನ ಮಟ್ಟ ಏರುಪೇರಾಗಿ ಒಂದಿಷ್ಟು ಪೆಟ್ರೋಲ್ ಗಂಟಲಿಗೆ ಚೆಲ್ಲುತ್ತಿತ್ತು. ತಣ್ಣನೆಯ ಲೋಹದ ಮೇಲೆ ಪೆಟ್ರೋಲಿನ ಹೆಚ್ಚು ಭಾಗ ಆವಿಯಾಗದೆ ಮೆತ್ತಿಕೊಳ್ಳುವುದರಿಂದ ಬೆಳಗಿನ ಮೊದಲ ಉಸಿರಿಗೆ ಆ ಹೆಚ್ಚುವರಿ ಬೇಕಿತ್ತು. ರಿಸರ್ವ್ ಮುಗಿಯುತ್ತ ಬಂದಾಗಲಂತೂ ವಾಲಿಸಿದರೆ ಟ್ಯಾಂಕಿನ ಮೂಲೆಯ ಪೆಟ್ರೋಲೂ ಕೊಳಾಯಿಯ ಕಡೆಗೆ ಸರಿಯುತ್ತಿತ್ತು. ಆ ಚೇತಕ್ ಹೆಸರೇ 2020ರ ಜನವರಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರಾಗಿ ಮರಳಿತು. ಇದಕ್ಕೆ ಕೊಳಾಯಿಯೂ ಬೇಡ, ವಾಲಿಸುವುದೂ ಬೇಡ. ನಿಮ್ಮ ಗಾಡಿಗೆ ಕೈಯಿಂದ ಮುಚ್ಚುವ ಕೊಳಾಯಿ ಇಲ್ಲದಿದ್ದರೆ, ತಿಂಗಳು ನಿಲ್ಲಿಸುವ ಮುಂಚೆ ಡ್ರೇನ್ ತಿರುಪು ಸಡಿಲಿಸಿ ಬಟ್ಟಲು ಬರಿದು ಮಾಡಿ.

ಬೇಲೂರಿನಿಂದ ಚಿಕ್ಕಮಗಳೂರು ದಾಟಿ ಮುಳ್ಳಯ್ಯನಗಿರಿಯ ಕಡೆ ಹತ್ತುವಾಗ ಮತ್ತೊಂದು ಸಂಗತಿ ಕಾಣುತ್ತದೆ. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದ್ದರೆ ಗಿರಿಯ ನೆತ್ತಿ 1,900 ಮೀಟರಿಗೂ ಮೇಲೆ. ಗಾಳಿ ಅಲ್ಲಿ ಅರಸೀಕೆರೆಯದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಗಂಟಲಿನ ಒತ್ತಡದ ಲೆಕ್ಕದಂತೆ, ಗಾಳಿ ನೂರಕ್ಕೆ ಹತ್ತು ಇಳಿದರೆ ಜೆಟ್ಟಿನಿಂದ ಬರುವ ಪೆಟ್ರೋಲ್ ಐದರಷ್ಟೇ ಇಳಿಯುತ್ತದೆ. ಹೀಗಾಗಿ ಉಸಿರಿಗೆ ಪೆಟ್ರೋಲ್ ಹೆಚ್ಚಾಗಿ ಗಾಡಿ ಮಂಕಾಗುತ್ತದೆ, ಎಳೆಯುವುದಿಲ್ಲ, ನಿಂತಲ್ಲಿ ಮುಗ್ಗರಿಸುತ್ತದೆ. ಅಲ್ಲಿ ಹಲವರು ಗಾಬರಿಯಿಂದ ಸ್ಕ್ರೂಡ್ರೈವರ್ ತೆಗೆದು ಗಾಳಿ ತಿರುಪನ್ನು ತಿರುಗಿಸುತ್ತಾರೆ, ಕೆಳಗಿಳಿದ ಮೇಲೆ ಗಾಡಿ ಬಡಕಲು ಉಸಿರಿನಿಂದ ಬಿಸಿಯೇರಿ ನಿಜವಾಗಿಯೂ ಕೆಡುತ್ತದೆ. ಏನನ್ನೂ ಮುಟ್ಟಬೇಡಿ. ಕಡಿಮೆ ರೇಸಿನಲ್ಲಿ ನಿಧಾನ ಹತ್ತಿ, ಗಿರಿ ನೋಡಿಕೊಂಡು ಇಳಿಯಿರಿ. ಸಂಜೆ ಬೇಲೂರಿಗೆ ಬಂದು ಯಗಚಿ ಹೊಳೆಯ ಸೇತುವೆಯ ಮೇಲೆ ನಿಲ್ಲಿಸುವ ಹೊತ್ತಿಗೆ, ನೀವು ಎಣಿಸಿ ಬರೆದಿಟ್ಟ ಗಾಳಿ ತಿರುಪಿನ ಅದೇ ಸುತ್ತಿನ ಮೇಲೆ ಅದು ಒಂದೇ ಸಮನೆ ಗುನುಗುತ್ತಿರುತ್ತದೆ.