ನಾಲ್ಕು ವರ್ಷ ನಿಲ್ಲುವವರ ಆಟ

ಹದಿನೆಂಟು ವರ್ಷದ ಹುಡುಗನ ಮುಂದೆ ಕೋಟಿಗಟ್ಟಲೆ ಡಾಲರಿನ ಒಪ್ಪಂದ ಇಟ್ಟು, ‘ಬೇಡಪ್ಪ, ಇನ್ನೂ ಮೂರು ವರ್ಷ ಕಾಲೇಜಲ್ಲೇ ಇರು’ ಅಂದರೆ ಅವನು ಕೇಳ್ತಾನಾ? ಅಥವಾ, ಕೇಳಲೇಬೇಕಾ? ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಇಪ್ಪತ್ತು ವರ್ಷಗಳಿಂದ ನಡೆಯುತ್ತಿರುವ ದೊಡ್ಡ ಜಗಳವೇ ಇದು. ಆಟದ ಗಂಧಗಾಳಿ ಇಲ್ಲದಿದ್ದರೂ ಪರವಾಗಿಲ್ಲ, ಓದಿ. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ನಮ್ಮ ಪೀಳಿಗೆಗೆ ಈ ಕಥೆ ಹೊಸದೇನಲ್ಲ.

ನಾನಿರೋದು ನಾರ್ತ್ ಕ್ಯಾರೊಲಿನಾದ ಕ್ಯಾರಿ ಅನ್ನೋ ಊರಲ್ಲಿ. ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಭಾರತೀಯರು ಇಲ್ಲಿ ಬೇಕಾದಷ್ಟು ಜನ. ಒಂದು ಕಡೆ ಡ್ಯೂಕ್ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಮೈಕೆಲ್ ಜೋರ್ಡನ್ ಓದಿದ ಚಾಪೆಲ್ ಹಿಲ್. ಎರಡಕ್ಕೂ ನಡುವೆ ಹದಿನಾರು ಕಿಲೋಮೀಟರ್ ಆಸುಪಾಸು. ನಮ್ಮಲ್ಲಿ ಆರ್‌ಸಿಬಿ–ಚೆನ್ನೈ ಪಂದ್ಯದ ದಿನ ಇರುತ್ತಲ್ಲ, ಆ ಥರದ ಬಿಸಿ ಇಲ್ಲಿ ಚಳಿಗಾಲ ಪೂರ್ತಿ. ಮಾರ್ಚ್ ಬಂದರೆ 68 ತಂಡಗಳ ರಾಷ್ಟ್ರೀಯ ಟೂರ್ನಿ. ಸೋತರೆ ಅಲ್ಲಿಗೆ ಮುಗೀತು, ಮನೆಗೆ. ಅದಕ್ಕೇ ಅದರ ಹೆಸರು ‘ಮಾರ್ಚ್ ಮ್ಯಾಡ್ನೆಸ್’.

ಹೆಣ್ಣು ನೋಡುವ ಶಾಸ್ತ್ರದ ಹಾಗೆ

ಇಲ್ಲಿ ಕಾಲೇಜು ತಂಡಕ್ಕೆ ಆಟಗಾರರನ್ನು ಆರಿಸುವುದನ್ನು ‘ರಿಕ್ರೂಟಿಂಗ್’ ಅಂತಾರೆ. ಹುಡುಗ ಹೈಸ್ಕೂಲಿನಲ್ಲಿರುವಾಗಲೇ ಕೋಚ್‌ಗಳ ಕಣ್ಣು ಅವನ ಮೇಲೆ. ಬೇಸಿಗೆ ರಜೆಯಲ್ಲಿ ಊರೂರು ಸುತ್ತುವ ಕ್ಲಬ್ ಟೂರ್ನಿಗಳಿವೆ. ಅಲ್ಲಿ ಗೋಡೆ ಪಕ್ಕ ಕುರ್ಚಿ ಹಾಕಿಕೊಂಡು ದೊಡ್ಡ ದೊಡ್ಡ ಕೋಚ್‌ಗಳೇ ಕೂತಿರುತ್ತಾರೆ. ಆಟಗಾರರಿಗೆ ಮೂರು ಸ್ಟಾರ್, ನಾಲ್ಕು ಸ್ಟಾರ್, ಐದು ಸ್ಟಾರ್ ಅಂತ ದರ್ಜೆ ಕೊಡುವ ಸಂಸ್ಥೆಗಳೂ ಇವೆ. ನಮ್ಮ ಸಿಇಟಿ ರ‍್ಯಾಂಕ್ ಇದ್ದ ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಪರೀಕ್ಷೆ ಇಲ್ಲ, ನೋಡಿದವರ ಅಂದಾಜೇ ಅಂಕ.

ಆಮೇಲೆ ಕೋಚ್ ಮನೆಗೇ ಬರುತ್ತಾರೆ. ಹಾಲ್‌ನಲ್ಲಿ ಅಪ್ಪ ಅಮ್ಮನ ಎದುರು ಕೂತು, ‘ನಿಮ್ಮ ಮಗನನ್ನು ನಮ್ಮ ಮಗನ ಥರ ನೋಡ್ಕೋತೀವಿ’ ಅನ್ನುವ ಧಾಟಿಯ ಮಾತು. ಥೇಟ್ ನಮ್ಮ ಹೆಣ್ಣು ನೋಡುವ ಶಾಸ್ತ್ರವೇ. ಹುಡುಗನೂ ಕಾಲೇಜುಗಳಿಗೆ ಹೋಗಿ, ಹಾಸ್ಟೆಲ್ಲು, ಜಿಮ್ಮು, ಊಟ ಎಲ್ಲ ನೋಡಿ ಬರುತ್ತಾನೆ.

ಲೆಕ್ಕವನ್ನೂ ಸ್ವಲ್ಪ ನೋಡಿ. ಮೇಲಿನ ಹಂತದಲ್ಲಿ 350ಕ್ಕೂ ಹೆಚ್ಚು ಕಾಲೇಜುಗಳಿವೆ. ತೀರಾ ಇತ್ತೀಚಿನವರೆಗೂ ಒಂದು ಪುರುಷರ ತಂಡಕ್ಕೆ 13 ಸ್ಕಾಲರ್‌ಶಿಪ್ ಇದ್ದವು. ಅಂದರೆ ಒಂದು ಹೊತ್ತಿಗೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಹುಡುಗರು. ವೃತ್ತಿಪರ ಲೀಗ್ ಆದ ಎನ್‌ಬಿಎ ತನ್ನ ಡ್ರಾಫ್ಟ್‌ನಲ್ಲಿ ವರ್ಷಕ್ಕೆ ಆರಿಸುವುದು 60 ಜನರನ್ನು, ಅದೂ ಹೊರದೇಶದವರನ್ನು ಸೇರಿಸಿ. ಮಿಕ್ಕವರಿಗೆ ಕಾಲೇಜಿನಿಂದ ಏನು ಸಿಕ್ಕಿತು ಅನ್ನೋದು ಯಾಕೆ ಮುಖ್ಯ ಅಂತ ಇಷ್ಟರಲ್ಲೇ ಗೊತ್ತಾಗುತ್ತೆ.

ಒಂದೇ ವರ್ಷದ ಅತಿಥಿಗಳು

ಹಿಂದೆ ಹೈಸ್ಕೂಲಿನಿಂದ ನೇರವಾಗಿ ಎನ್‌ಬಿಎಗೆ ಹೋಗಬಹುದಿತ್ತು. 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬಿ ಬ್ರಯಾಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಹೋಗಿದ್ದು ಹಾಗೇ. 2006ರ ಡ್ರಾಫ್ಟ್‌ನಿಂದ ನಿಯಮ ಬದಲಾಯಿತು. ಆ ವರ್ಷದೊಳಗೆ 19 ತುಂಬಬೇಕು, ಅಮೆರಿಕದ ಹುಡುಗನಾದರೆ ಅವನ ಓರಗೆಯವರು ಹೈಸ್ಕೂಲ್ ಮುಗಿಸಿ ಒಂದು ವರ್ಷ ಆಗಿರಬೇಕು. ಅಲ್ಲಿಂದ ಹುಟ್ಟಿದ್ದೇ ‘ಒನ್ ಅಂಡ್ ಡನ್’. ಒಂದು ವರ್ಷ ಕಾಲೇಜಿಗೆ ಬಂದು ಆಡು, ಹೆಸರು ಮಾಡು, ಹೊರಡು.

ಕೆಂಟಕಿ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಜಾನ್ ಕ್ಯಾಲಿಪರಿ ಇದನ್ನೇ ಒಂದು ಕಲೆ ಮಾಡಿಕೊಂಡರು. 2012ರಲ್ಲಿ ಆಂಥೊನಿ ಡೇವಿಸ್ ಮುಂತಾದ ಮೊದಲ ವರ್ಷದ ಹುಡುಗರನ್ನು ಮುಂದಿಟ್ಟುಕೊಂಡು ಚಾಂಪಿಯನ್ ಆದರು. 2015ರಲ್ಲಿ ಅವರ ತಂಡ ಸತತ 38 ಪಂದ್ಯ ಗೆದ್ದು ಸೆಮಿಫೈನಲ್‌ಗೆ ಬಂತು. ಅಲ್ಲಿ ವಿಸ್ಕಾನ್ಸಿನ್ 71–64ರಲ್ಲಿ ಸೋಲಿಸಿತು. ವಿಸ್ಕಾನ್ಸಿನ್‌ನ ಮುಖ್ಯ ಆಟಗಾರ ಫ್ರಾಂಕ್ ಕಾಮಿನ್‌ಸ್ಕಿ ನಾಲ್ಕನೇ ವರ್ಷದವನು.

ಹಾಗಂತ ಹೊಸಬರು ಗೆಲ್ಲೋದೇ ಇಲ್ಲ ಅನ್ನೋಕಾಗಲ್ಲ. ಎರಡೇ ದಿನ ಬಿಟ್ಟು ಅದೇ ವಿಸ್ಕಾನ್ಸಿನ್‌ನನ್ನು ಫೈನಲ್‌ನಲ್ಲಿ ಸೋಲಿಸಿದ್ದು ಮೊದಲ ವರ್ಷದವರೇ ತುಂಬಿದ್ದ ನಮ್ಮೂರ ಪಕ್ಕದ ಡ್ಯೂಕ್. ಆದರೆ ಅದರ ನಂತರ ಒಂದು ದಶಕ ಗೆದ್ದವರನ್ನು ನೋಡಿ: ವಿಲನೋವಾ, ಚಾಪೆಲ್ ಹಿಲ್, ವರ್ಜೀನಿಯಾ, ಬೇಲರ್, ಕ್ಯಾನ್ಸಸ್, ಕನೆಟಿಕಟ್, ಫ್ಲಾರಿಡಾ. ಇವುಗಳಲ್ಲಿ ಬಹುತೇಕ ತಂಡಗಳ ಬೆನ್ನೆಲುಬು ಮೂರು–ನಾಲ್ಕು ವರ್ಷ ಕಾಲೇಜು ಆಟ ಆಡಿದವರು. 2019ರ ಡ್ಯೂಕ್‌ನಲ್ಲಿ ಜಾಯನ್ ವಿಲಿಯಮ್ಸನ್ ಸೇರಿ ಮೂವರು ಮೊದಲ ವರ್ಷದವರು ಆ ವರ್ಷದ ಡ್ರಾಫ್ಟ್‌ನ ಮೊದಲ ಹತ್ತರೊಳಗೆ ಹೋದರು. ತಂಡ ಮಾತ್ರ ಕೊನೆಯ ನಾಲ್ಕಕ್ಕೂ ಬರಲಿಲ್ಲ.

4.7 ಸೆಕೆಂಡ್ ಉಳಿದಾಗ

ನಾಲ್ಕು ವರ್ಷ ಜೊತೆಗಿದ್ದರೆ ಏನು ಸಿಗುತ್ತೆ ಅಂತ ಯಾರಾದರೂ ಕೇಳಿದರೆ ನಾನು ತೋರಿಸೋದು 2016ರ ಫೈನಲ್. ವಿಲನೋವಾ ಮತ್ತು ಚಾಪೆಲ್ ಹಿಲ್ ನಡುವಿನ ಪಂದ್ಯ. ನಾಲ್ಕನೇ ವರ್ಷದ ಮಾರ್ಕಸ್ ಪೇಜ್ ಗಾಳಿಯಲ್ಲೇ ಕೈ ಬದಲಿಸಿ ಎಸೆದ ಚೆಂಡು ಬುಟ್ಟಿಗೆ ಬಿದ್ದು ಸ್ಕೋರ್ 74–74. ಉಳಿದಿದ್ದು 4.7 ಸೆಕೆಂಡ್.

ವಿಲನೋವಾದ ರಯಾನ್ ಆರ್ಚಿಡಿಯಾಕೊನೊ ಚೆಂಡು ಹಿಡಿದು ಓಡಿದ. ಅವನಿಗೂ ಅದು ನಾಲ್ಕನೇ ವರ್ಷ, ಕಾಲೇಜಿನಲ್ಲಿ ಕೊನೆಯ ಪಂದ್ಯ. ತಾನೇ ಎಸೆದು ಹೀರೋ ಆಗಬಹುದಿತ್ತು. ಆದರೆ ಹಿಂದಿನಿಂದ ಓಡಿ ಬರುತ್ತಿದ್ದ ಕ್ರಿಸ್ ಜೆಂಕಿನ್ಸ್‌ಗೆ ಚೆಂಡು ಕೊಟ್ಟ. ಜೆಂಕಿನ್ಸ್ ಎಸೆದ, ಸಮಯ ಮುಗಿಯಿತು, ಚೆಂಡು ಒಳಗೆ. 77–74. ಅಷ್ಟು ಗಡಿಬಿಡಿಯಲ್ಲಿ ಹಿಂದೆ ಯಾರು ಬರ್ತಾ ಇದ್ದಾರೆ ಅಂತ ಗೊತ್ತಾಗೋಕೆ ವರ್ಷಗಟ್ಟಲೆ ಒಟ್ಟಿಗೆ ಬೆವರು ಹರಿಸಿರಬೇಕು.

ಆ ಆರ್ಚಿಡಿಯಾಕೊನೊನನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಅದೇ ತಂಡದ ಜೋಶ್ ಹಾರ್ಟ್ ನಾಲ್ಕು ವರ್ಷ ಪೂರೈಸಿ 30ನೆಯವನಾಗಿ, ಜೇಲನ್ ಬ್ರನ್ಸನ್ ಮೂರು ವರ್ಷದಲ್ಲೇ ಪದವಿ ಮುಗಿಸಿ 33ನೆಯವನಾಗಿ ಎನ್‌ಬಿಎಗೆ ಹೋದರು. ಬ್ರನ್ಸನ್ ಈಗ ನ್ಯೂಯಾರ್ಕ್ ನಿಕ್ಸ್‌ನ ನಾಯಕ. 2025ರಲ್ಲಿ ಆ ತಂಡ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್ ಆಡಿದಾಗ ಹಾರ್ಟ್, ಬ್ರನ್ಸನ್, ಮಿಕಾಲ್ ಬ್ರಿಡ್ಜಸ್, ಮೂವರು ಹಳೇ ವಿಲನೋವಾ ಗೆಳೆಯರು ಒಟ್ಟಿಗಿದ್ದರು.

ಸೋತ ಚಾಪೆಲ್ ಹಿಲ್ ಹುಡುಗರು? ಬಹಳಷ್ಟು ಜನ ಮರುವರ್ಷ ವಾಪಸ್ ಬಂದರು. 2017ರಲ್ಲಿ ಗಾನ್ಜಾಗವನ್ನು 71–65ರಲ್ಲಿ ಸೋಲಿಸಿ ಚಾಂಪಿಯನ್ ಆದರು.

ವರ್ಜೀನಿಯಾದ ಕಥೆ ಇನ್ನೂ ಗಟ್ಟಿ. 2018ರಲ್ಲಿ ಅಗ್ರ ಶ್ರೇಯಾಂಕದ ಆ ತಂಡ 16ನೇ ಶ್ರೇಯಾಂಕದ ಯುಎಂಬಿಸಿ ಕೈಯಲ್ಲಿ 20 ಅಂಕಗಳಿಂದ ಸೋತಿತು. ಪುರುಷರ ಟೂರ್ನಿಯಲ್ಲಿ ಹಾಗಾಗಿದ್ದು ಅದೇ ಮೊದಲು. ಇಡೀ ದೇಶ ನಕ್ಕಿತು. ಕೈಲ್ ಗೈ, ಟೈ ಜೆರೋಮ್ ಮೊದಲಾದವರು ಬಿಟ್ಟು ಹೋಗಲಿಲ್ಲ. ಮುಂದಿನ ವರ್ಷ ಅದೇ ತಂಡ ರಾಷ್ಟ್ರೀಯ ಚಾಂಪಿಯನ್.

ಅಮ್ಮನಿಗೆ ಕೊಟ್ಟ ಮಾತು

ಇಲ್ಲಿಂದ ಒಂದೂವರೆ–ಎರಡು ಗಂಟೆ ಕಾರು ಓಡಿಸಿದರೆ ವಿನ್‌ಸ್ಟನ್–ಸೇಲಂ ಸಿಗುತ್ತೆ. ಅಲ್ಲಿನ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ 1993ರಿಂದ 97ರವರೆಗೆ ಆಡಿದವರು ಟಿಮ್ ಡಂಕನ್.

ಡಂಕನ್ ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪದವರು. ಮೊದಲು ಅವರಿದ್ದದ್ದು ಈಜಿನಲ್ಲಿ. 1989ರ ಹ್ಯೂಗೊ ಚಂಡಮಾರುತ ಊರಿನ ದೊಡ್ಡ ಈಜುಕೊಳವನ್ನು ಹಾಳುಮಾಡಿತು. ಮುಂದಿನ ವರ್ಷ ಅಮ್ಮ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಹುಡುಗ ಈಜು ಬಿಟ್ಟು ಬಾಸ್ಕೆಟ್‌ಬಾಲ್ ಹಿಡಿದದ್ದು ಇದಾದ ಮೇಲೆ. ದೊಡ್ಡ ಕಾಲೇಜುಗಳು ಮುಗಿಬೀಳುವಂಥ ಹೆಸರೇನೂ ಆಗ ಇರಲಿಲ್ಲ.

ಎರಡನೇ ವರ್ಷ ಮುಗಿಯುವ ಹೊತ್ತಿಗೆ ಎನ್‌ಬಿಎ ಬಾಗಿಲು ತೆರೆದು ಕಾಯುತ್ತಿತ್ತು. ಡಂಕನ್ ಹೋಗಲಿಲ್ಲ. ಪದವಿ ಮುಗಿಸುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದರು. ಮನಃಶಾಸ್ತ್ರದಲ್ಲಿ ಪದವಿ ಪಡೆದು 1997ರಲ್ಲಿ ಡ್ರಾಫ್ಟ್‌ಗೆ ಹೋದಾಗ ಮೊದಲ ಆಯ್ಕೆ ಅವರೇ. ಮುಂದೆ ಒಂದೇ ತಂಡ, ಸ್ಯಾನ್ ಆಂಟೋನಿಯೊ ಸ್ಪರ್ಸ್, 19 ಸೀಸನ್, ಐದು ಪ್ರಶಸ್ತಿ. ವೇಕ್ ಫಾರೆಸ್ಟ್‌ಗೆ ರಾಷ್ಟ್ರೀಯ ಪ್ರಶಸ್ತಿ ಸಿಗಲಿಲ್ಲ ಅನ್ನೋದನ್ನೂ ಹೇಳಿಬಿಡಬೇಕು. ನಾಲ್ಕು ವರ್ಷ ನಿಂತ ಕೂಡಲೇ ಕಪ್ ಕೈಗೆ ಬರುತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ.

ಇತ್ತೀಚಿನ ಉದಾಹರಣೆ ಬೇಕಾದರೆ ಪರ್ಡ್ಯೂನ ಝಾಕ್ ಈಡಿ. ಏಳು ಅಡಿ ನಾಲ್ಕು ಇಂಚು ಎತ್ತರದ ಟೊರಾಂಟೊ ಹುಡುಗ. ಬಾಸ್ಕೆಟ್‌ಬಾಲ್ ಶುರು ಮಾಡಿದ್ದೇ ತಡವಾಗಿ, ಹೈಸ್ಕೂಲ್ ರ‍್ಯಾಂಕಿಂಗ್‌ನಲ್ಲಿ ಮೊದಲ ನೂರರಲ್ಲೂ ಇರಲಿಲ್ಲ. 2023ರಲ್ಲಿ ಅವರ ತಂಡವೂ 16ನೇ ಶ್ರೇಯಾಂಕದವರ ಕೈಲಿ ಸೋತಿತು. ಈಡಿ ನಾಲ್ಕನೇ ವರ್ಷಕ್ಕೆ ವಾಪಸ್ ಬಂದರು. 2024ರಲ್ಲಿ ಪರ್ಡ್ಯೂ 1969ರ ನಂತರ ಮೊದಲ ಸಲ ಫೈನಲ್‌ಗೆ ಹೋಯಿತು. ಫೈನಲ್‌ನಲ್ಲಿ ಈಡಿ 37 ಅಂಕ ಗಳಿಸಿದರೂ ಕನೆಟಿಕಟ್ ಗೆದ್ದಿತು. ಡ್ರಾಫ್ಟ್‌ನಲ್ಲಿ ಮಾತ್ರ ಅವರು ಒಂಬತ್ತನೆಯವರು.

ಹುಡುಗಿಯರ ಲೆಕ್ಕ ಬೇರೆ

ಮಹಿಳೆಯರ ಡಬ್ಲ್ಯುಎನ್‌ಬಿಎಯಲ್ಲಿ ನಿಯಮವೇ ಬೇರೆ. ಅಮೆರಿಕದ ಆಟಗಾರ್ತಿಗೆ ಡ್ರಾಫ್ಟ್ ವರ್ಷದಲ್ಲಿ 22 ತುಂಬಬೇಕು ಅಥವಾ ಕಾಲೇಜಿನ ಅವಧಿ ಮುಗಿದಿರಬೇಕು. ಹಾಗಾಗಿ ನಾಲ್ಕು ವರ್ಷ ಅಲ್ಲಿ ಮಾಮೂಲು.

ಇದರಿಂದ ಏನಾಯ್ತು ನೋಡಿ. ಅಯೋವಾ ರಾಜ್ಯದಲ್ಲೇ ಬೆಳೆದ ಕೇಟ್ಲಿನ್ ಕ್ಲಾರ್ಕ್ ಅಯೋವಾ ವಿಶ್ವವಿದ್ಯಾಲಯಕ್ಕೇ ಸೇರಿ ನಾಲ್ಕು ವರ್ಷ ಆಡಿ 3,951 ಅಂಕ ಗಳಿಸಿದರು. ಕಾಲೇಜು ಆಟದ ಮೇಲಿನ ಹಂತದಲ್ಲಿ ಗಂಡು–ಹೆಣ್ಣು ಇಬ್ಬರಲ್ಲೂ ದಾಖಲೆ ಅದು. 2024ರ ಮಹಿಳಾ ಫೈನಲ್ ಅನ್ನು ಟಿವಿಯಲ್ಲಿ ನೋಡಿದವರು ಸುಮಾರು 1.9 ಕೋಟಿ ಜನ, ಪುರುಷರದ್ದನ್ನು ಸುಮಾರು 1.5 ಕೋಟಿ. ಮಹಿಳೆಯರ ಫೈನಲ್ ಪುರುಷರದ್ದನ್ನು ಮೀರಿಸಿದ್ದು ಅದೇ ಮೊದಲು. ಕ್ಲಾರ್ಕ್ ಆಟ ಅದ್ಭುತ, ನಿಜ. ಆದರೆ ನಾಲ್ಕು ವರ್ಷ ಒಂದೇ ಜೆರ್ಸಿಯಲ್ಲಿ ನೋಡಿದ ಹುಡುಗಿ ಮನೆಮಗಳಾಗಿಬಿಡುತ್ತಾಳೆ. ಹೋದ ವರ್ಷದ ಸೋಲು ನೋಡುವವರಿಗೂ ನೆನಪಿರುತ್ತೆ.

ನಿಷ್ಠೆ ಯಾರಿಗೆ, ಯಾರಿಂದ?

‘ಹಿಂದಿನ ಕಾಲವೇ ಚೆನ್ನಾಗಿತ್ತು, ಹುಡುಗರಿಗೆ ನಿಷ್ಠೆ ಇತ್ತು’ ಅನ್ನೋ ಮಾತು ಇಲ್ಲೂ ಕೇಳ್ತೀವಿ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕಾಲೇಜು ಬದಲಿಸಿದ ಹುಡುಗ ಒಂದು ವರ್ಷ ಆಡದೆ ಕೂರಬೇಕಿತ್ತು. ಕೋಚ್ ಮಾತ್ರ ಹೆಚ್ಚು ಸಂಬಳ ಸಿಕ್ಕ ಕಡೆ ಮರುದಿನವೇ ಹೋಗಬಹುದಿತ್ತು. ಕೋಚ್‌ಗಳಿಗೆ ಮಿಲಿಯನ್‌ಗಟ್ಟಲೆ ಡಾಲರ್, ಹುಡುಗರಿಗೆ ಫೀಸು, ರೂಮು, ಊಟ. ಬಡ ಮನೆಯಿಂದ ಬಂದವನಿಗೆ ಒಂದು ಮೊಣಕಾಲಿನ ಗಾಯ ಸಾಕು, ಆಸೆಯೆಲ್ಲ ಮುಗಿಯೋಕೆ. ಅಂಥವನಿಗೆ ‘ನಿಲ್ಲು’ ಅನ್ನೋ ಹಕ್ಕು ಗ್ಯಾಲರಿಯಲ್ಲಿ ಪಾಪ್‌ಕಾರ್ನ್ ತಿನ್ನೋ ನನಗೆ ಎಲ್ಲಿಂದ ಬರುತ್ತೆ?

ಈಗ ಕಾಲ ಬದಲಾಗಿದೆ. 2018ರಲ್ಲಿ ‘ಟ್ರಾನ್ಸ್‌ಫರ್ ಪೋರ್ಟಲ್’ ಬಂತು. ಬಿಡುವ ಮನಸ್ಸಿದ್ದವರು ಅದರಲ್ಲಿ ಹೆಸರು ಹಾಕಿದರೆ ಮಿಕ್ಕ ಕಾಲೇಜುಗಳು ಸಂಪರ್ಕಿಸಬಹುದು. ನಮ್ಮ ನೌಕ್ರಿ ಪ್ರೊಫೈಲ್ ಅಪ್‌ಡೇಟ್ ಮಾಡಿದ ಹಾಗೆ! 2021ರಲ್ಲಿ ಒಂದು ವರ್ಷ ಕೂರುವ ಶಿಕ್ಷೆ ಮೊದಲ ಬದಲಾವಣೆಗೆ ತಪ್ಪಿತು. 2024ರಿಂದ ಎಷ್ಟು ಸಲ ಬದಲಿಸಿದರೂ, ಓದಿನ ಅರ್ಹತೆ ಇದ್ದರೆ, ಕೂಡಲೇ ಆಡಬಹುದು. 2021ರ ಜುಲೈನಿಂದ ತಮ್ಮ ಹೆಸರು–ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು. 2025–26ರಿಂದ ಕಾಲೇಜುಗಳೇ ತಮ್ಮ ಎಲ್ಲ ಕ್ರೀಡಾಪಟುಗಳಿಗೆ ಸೇರಿ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು.

ತಮಾಷೆ ಏನು ಗೊತ್ತಾ? ದುಡ್ಡು ಬಂದ ಮೇಲೆ ಕೆಲವರು ಕಾಲೇಜಿನಲ್ಲೇ ಹೆಚ್ಚು ವರ್ಷ ಉಳಿಯುತ್ತಿದ್ದಾರೆ. ಡ್ರಾಫ್ಟ್‌ನ ಕೊನೆಯಲ್ಲಿ ಹೋಗಿ ಸಿಗುವುದಕ್ಕಿಂತ ಇಲ್ಲೇ ಹೆಚ್ಚು ಸಿಗುತ್ತೆ. ಆದರೆ ಉಳಿಯೋದು ಆಟದಲ್ಲಿ, ಒಂದೇ ಕಾಲೇಜಿನಲ್ಲಲ್ಲ. 2025ರಲ್ಲಿ ಗೆದ್ದ ಫ್ಲಾರಿಡಾದ ಮೂವರು ಪ್ರಮುಖ ನಾಲ್ಕನೇ–ಐದನೇ ವರ್ಷದವರು, ವಾಲ್ಟರ್ ಕ್ಲೇಟನ್ ಸೇರಿದಂತೆ, ಬೇರೆ ಬೇರೆ ಕಾಲೇಜುಗಳಿಂದ ಬಂದವರು. ಅನುಭವವನ್ನು ಈಗ ಹೊರಗಿನಿಂದ ತರಿಸಿಕೊಳ್ಳಬಹುದು, ನಾವು ‘ಲ್ಯಾಟರಲ್ ಹೈರಿಂಗ್’ ಅನ್ನುವ ಹಾಗೆ.

ತಮ್ಮ ಕೇಳಿದ ಪ್ರಶ್ನೆ

ದಾವಣಗೆರೆಯಲ್ಲಿ ಆರನೇ ಸೆಮ್ ಓದುತ್ತಿರುವ ಚಿಕ್ಕಮ್ಮನ ಮಗ ಈಚೆಗೆ ಫೋನ್ ಮಾಡಿದ್ದ. ಬೆಂಗಳೂರಿನ ಸ್ಟಾರ್ಟಪ್ ಒಂದು ಈಗಲೇ ಬಾ ಅಂತಿದೆ. ‘ಅಣ್ಣಾ, ಡಿಗ್ರಿ ಬಿಟ್ಟು ಹೋಗ್ಲಾ? ಇನ್ನೊಂದು ವರ್ಷ ಕೂತು ಏನು ಮಾಡ್ಲಿ?’

ಅವರಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು, ಮನೆ ಸಾಲ ಇದೆ. ಆ ಸಂಬಳ ಆ ಮನೆಗೆ ಸಣ್ಣದಲ್ಲ. ‘ಸುಮ್ನೆ ಓದೋ’ ಅಂತ ಗದರಿಸೋಕೆ ನನಗೆ ಮನಸ್ಸಾಗಲಿಲ್ಲ. ಬದಲಿಗೆ ಮೂರು ಪ್ರಶ್ನೆ ಕೇಳಿದೆ. ಆ ಆಫರ್ ಮುಂದಿನ ವರ್ಷ ಇರಲ್ವಾ, ಇದೊಂದೇ ಬಾಗಿಲಾ? ಆರು ತಿಂಗಳಿಗೆ ಆ ಕಂಪನಿ ಮುಚ್ಚಿದರೆ ನಿನ್ನ ಕೈಯಲ್ಲಿ ಏನು ಉಳಿಯುತ್ತೆ? ಉಳಿದ ಒಂದು ವರ್ಷದಲ್ಲಿ ನೀನು ನಿಜವಾಗಿ ಏನಾದರೂ ಕಲಿತೀಯಾ, ಇಲ್ಲ ಅಟೆಂಡೆನ್ಸ್ ಹಾಕೋಕೆ ಹೋಗ್ತೀಯಾ?

ಮೊದಲ ವರ್ಷವೇ ಹೊರಟ ಜಾಯನ್ ವಿಲಿಯಮ್ಸನ್‌ಗೆ ಬಾಗಿಲು ಪೂರ್ತಿ ತೆರೆದಿತ್ತು, ಹೋಗಿದ್ದು ಸರಿ. ಈಡಿಗೆ ಪ್ರತಿ ವರ್ಷ ಕಲಿಯೋದು ಬಾಕಿ ಇತ್ತು, ನಿಂತಿದ್ದೂ ಸರಿ. ಒಂದು ಕಡೆ ನಾಲ್ಕು ವರ್ಷ ಇದ್ದರೆ ಬರುವ ಲಾಭ ಮೂರನೇ, ನಾಲ್ಕನೇ ವರ್ಷದಲ್ಲೇ ಬರುತ್ತೆ. ನಮ್ಮ ಕೆಲಸದಲ್ಲೂ ಅಷ್ಟೇ. ಮೊದಲ ವರ್ಷ ಕೋಡ್ ಅರ್ಥ ಮಾಡ್ಕೋತೀವಿ, ಎರಡನೇ ವರ್ಷ ಬದಲಾಯಿಸ್ತೀವಿ. ನಾವು ಬರೆದದ್ದು ಎಲ್ಲಿ ಕೈಕೊಡುತ್ತೆ ಅಂತ ಗೊತ್ತಾಗೋದು ಮೂರನೇ ವರ್ಷದಲ್ಲಿ, ಅಷ್ಟೊತ್ತಿಗೆ ಬಹಳಷ್ಟು ಜನ ನೋಟಿಸ್ ಪೀರಿಯಡ್‌ನಲ್ಲಿರುತ್ತಾರೆ. 30 ಪರ್ಸೆಂಟ್ ಹೈಕ್ ಸಣ್ಣದಲ್ಲ, ಬೇಕಾದರೆ ಹೋಗಿ. ಬಿಟ್ಟು ಹೋಗುವಾಗ ಏನನ್ನು ಬಿಡ್ತಾ ಇದ್ದೀವಿ ಅನ್ನೋದನ್ನೂ ಹೈಕ್ ಪಕ್ಕದಲ್ಲಿ ಬರೆದು ನೋಡಿ, ಅಷ್ಟೇ.

ತಮ್ಮ ಕಂಪನಿಯವರನ್ನು ಕೇಳಿ, ಡಿಗ್ರಿ ಮುಗಿಯುವವರೆಗೆ ಪಾರ್ಟ್ ಟೈಮ್ ಇಂಟರ್ನ್‌ಶಿಪ್ ಆಗುತ್ತಾ ನೋಡ್ತೀನಿ ಅಂದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.

ನಿಮಗೂ ಈ ಆಟ ನೋಡೋ ಆಸೆ ಆದರೆ ಏಪ್ರಿಲ್ ಮೊದಲ ವಾರದ ಫೈನಲ್ ಸಾಕು. ಇಲ್ಲಿ ಸೋಮವಾರ ರಾತ್ರಿ, ಅಲ್ಲಿ ಮಂಗಳವಾರ ಬೆಳಗ್ಗೆ ಆರೂಕಾಲು–ಆರೂವರೆ. ಫಿಲ್ಟರ್ ಕಾಫಿ ಹಿಡಿದು ಕೂತ್ಕೊಳ್ಳಿ. ಪಂದ್ಯ ಮುಗಿದ ಮೇಲೆ ಕ್ಯಾಮೆರಾ ಗೆದ್ದವರ ಹಿಂದೆ ಹೋಗುತ್ತೆ. ನೀವು ಒಂದು ನಿಮಿಷ ಸೋತ ತಂಡದ ಬೆಂಚಿನ ಕಡೆ ನೋಡಿ. ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾ ಕೂತವರಲ್ಲಿ ನಾಲ್ಕನೇ ವರ್ಷದವನು ಯಾರು ಅಂತ ನಿಮಗೇ ಗೊತ್ತಾಗುತ್ತೆ.