ಕಡಲಿಗೆ ಹೊರಟವರ ಗಂಟುಮೂಟೆ

ಸರ್ಫಿಂಗ್‌ಗೆಂದು ಬೆಂಗಳೂರಿನಿಂದ ಮೂಲ್ಕಿಯ ಕಡೆ ಹೊರಡುವ ಗೆಳೆಯರ ನಡುವೆ ಮಾತು ಸಾಮಾನ್ಯವಾಗಿ ರಜೆಯ ಲೆಕ್ಕದಿಂದ ಶುರುವಾಗುತ್ತದೆ. ಶುಕ್ರವಾರ ಯಾರಿಗೆ ರಜೆ ಸಿಗುತ್ತದೆ, ಯಾರ ಕಾರು ತೆಗೆಯುವುದು, ಎಲ್ಲಿ ಉಳಿಯುವುದು. ಇವೆಲ್ಲ ಆಮೇಲೆ. ಮೊದಲು ಕೇಳಿಕೊಳ್ಳಬೇಕಾದ್ದು, ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಈಜು ಬರುವುದು ಯಾರಿಗೆ ಎಂದು. ಆ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ತಿಂಗಳು, ಕಿನಾರೆ, ಬೋರ್ಡು, ಚೀಲ ಎಲ್ಲವನ್ನೂ ಗೊತ್ತುಮಾಡಿದರೆ ಪ್ರವಾಸ ನೆಟ್ಟಗೆ ನಡೆಯುತ್ತದೆ. ಚೆನ್ನಾಗಿ ಬಲ್ಲವರನ್ನು ನೋಡಿ ಗೊತ್ತುಮಾಡಿದರೆ ಉಳಿದವರು ದಡದಲ್ಲಿ ಕುಳಿತು ಫೋಟೊ ತೆಗೆಯುತ್ತಾರೆ, ಇಲ್ಲವೇ ಹುಮ್ಮಸ್ಸಿಗೆ ಬಿದ್ದು ತಮ್ಮ ಅಳತೆ ಮೀರಿದ ನೀರಿಗೆ ಇಳಿಯುತ್ತಾರೆ.

ಮೂಲ್ಕಿಯ ಹೆಸರು ಹೇಳಿದ್ದಕ್ಕೆ ಕಾರಣವಿದೆ. ಅಮೆರಿಕದಿಂದ ಬಂದು ಸನ್ಯಾಸಿಯಾದ, ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಜಾಕ್ ಹೆಬ್ನರ್ ಮತ್ತು ಅವರ ಶಿಷ್ಯರು ಇಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. ನಮ್ಮ ದೇಶದಲ್ಲಿ ಈ ಆಟವನ್ನು ಕ್ರಮವಾಗಿ ಕಲಿಸುವ ಕೆಲಸ ಗಟ್ಟಿಯಾದದ್ದು ಈ ಪುಟ್ಟ ಊರಿನಿಂದ. ಇವತ್ತು ಮೂಲ್ಕಿ, ಸಸಿಹಿತ್ಲು ಸುತ್ತಮುತ್ತ ತರಬೇತುದಾರರಿದ್ದಾರೆ, ಬಾಡಿಗೆಗೆ ಬೋರ್ಡು ಸಿಗುತ್ತದೆ, ದಡದ ಹತ್ತಿರವೇ ಮರಳಿನ ತಳ ಇದೆ. ಬಿದ್ದರೆ ಬಂಡೆ ತಾಗುವ ಭಯವಿಲ್ಲದ ಕಡೆ ಕಲಿಯುವುದು ದೊಡ್ಡ ಅನುಕೂಲ.

ಇನ್ನು ತಿಂಗಳು. ಹೊಸಬರಿರುವ ಗುಂಪು ಅಕ್ಟೋಬರ್‌ನಿಂದ ಫೆಬ್ರುವರಿಯೊಳಗೆ ಹೋಗುವುದು ಒಳ್ಳೆಯದು. ಆಗ ಅರಬ್ಬಿ ಕಡಲು ಮೃದುವಾಗಿರುತ್ತದೆ, ಸೊಂಟದ ಎತ್ತರದ ತೆರೆಗಳು ಬರುತ್ತವೆ. ಬೇಸಿಗೆ ಏರುತ್ತಾ ಹೋದಂತೆ ತೆರೆಗಳೂ ಏರುತ್ತವೆ. ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಯನ್ನು ಮೇ ಕೊನೆಯ ಹೊತ್ತಿಗೆ ನಡೆಸಿದ್ದೂ ಇದಕ್ಕೇ. ಸ್ಪರ್ಧಿಗಳಿಗೆ ಬೇಕಾದ ಕಸುವು ಮಳೆಗಾಲದ ಹೊಸ್ತಿಲಿನ ಕಡಲಿಗೆ ಇರುತ್ತದೆ. ಕಲಿಯುವವರಿಗೆ ಅದು ನೋಡಿ ಸಂತೋಷಪಡುವ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ. ಆ ದಿನಗಳಲ್ಲಿ ಹೊಸಬರನ್ನು ನೀರಿಗಿಳಿಸುವ ಯೋಚನೆಯೇ ಬೇಡ.

ತಿಂಗಳು ಸರಿಯಿದ್ದ ಮಾತ್ರಕ್ಕೆ ದಿನವೂ ಸರಿಯಿರಬೇಕೆಂದಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕರಾವಳಿಗೆ ಅಲೆಗಳ ಮುನ್ಸೂಚನೆ ಕೊಡುತ್ತದೆ. ಅದನ್ನು ನೋಡುವಾಗ ಹೆಚ್ಚಿನವರ ಕಣ್ಣು ಅಲೆಯ ಎತ್ತರದ ಮೇಲೆ ಮಾತ್ರ ನಿಲ್ಲುತ್ತದೆ. ಪಕ್ಕದಲ್ಲಿ ಸೆಕೆಂಡಿನ ಲೆಕ್ಕ ಒಂದಿರುತ್ತದೆ, ಒಂದು ಅಲೆಯ ತುದಿ ದಾಟಿ ಮುಂದಿನದು ಬರಲು ಹಿಡಿಯುವ ಸಮಯ. ಆರು ಸೆಕೆಂಡಿನ ಅಲೆಗೆ ಆಳಕಡಲಿನಲ್ಲಿ ಸುಮಾರು 56 ಮೀಟರ್ ಉದ್ದವಿದ್ದರೆ, ಹನ್ನೆರಡು ಸೆಕೆಂಡಿನದಕ್ಕೆ ಸುಮಾರು 225 ಮೀಟರ್. ಎತ್ತರ ಎರಡಕ್ಕೂ ಒಂದೇ ಮೀಟರ್ ಇದ್ದರೂ ಎರಡನೆಯದು ದಡಕ್ಕೆ ಬರುವಾಗ ಹೆಚ್ಚು ಎತ್ತರಕ್ಕೆ ಏಳುತ್ತದೆ, ಹೆಚ್ಚು ಬಲದಿಂದ ಹೊಡೆಯುತ್ತದೆ. ಇಂಥ ಅಲೆಗಳು ಹುಟ್ಟುವುದು ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗಳಲ್ಲಿ. ಸಾವಿರಾರು ಕಿಲೋಮೀಟರ್ ಸಾಗಿ ನಮ್ಮ ಕಿನಾರೆಯನ್ನು ಮುಟ್ಟುತ್ತವೆ. ಅದಕ್ಕೇ ಇಲ್ಲಿ ಗಾಳಿಯೂ ಇಲ್ಲ, ಮೋಡವೂ ಇಲ್ಲ, ಕಡಲು ಮಾತ್ರ ಎದ್ದು ನಿಂತಿರುವ ದಿನಗಳಿರುತ್ತವೆ. ಕೇರಳದವರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಹೊರಡುವ ಹಿಂದಿನ ದಿನ ಇನ್‌ಕಾಯಿಸ್ ಎಚ್ಚರಿಕೆಯನ್ನು ಗುಂಪಿನಲ್ಲಿ ಒಬ್ಬರು ಓದಲೇಬೇಕು, ಓದಿ ಉಳಿದವರಿಗೆ ತಿಳಿಸಲೇಬೇಕು.

ದಿನದೊಳಗೂ ಹೊತ್ತು ಗೊತ್ತು ಉಂಟು. ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಬರುವ ತೆರೆಯ ಮುಖವನ್ನು ನಯವಾಗಿ ಎತ್ತಿ ಹಿಡಿಯುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ನೀರೆಲ್ಲ ಕದಡುತ್ತದೆ. ಆದ್ದರಿಂದ ಕಲಿಕೆ ಬೆಳಿಗ್ಗೆಯೇ ಆಗಬೇಕು. ರಾತ್ರಿಯಿಡೀ ಘಾಟಿ ಇಳಿದು ಬಂದವರು ಬೆಳಿಗ್ಗೆ ಆರಕ್ಕೆ ನೀರಿಗಿಳಿಯುವುದು ಅವಿವೇಕ. ಒಂದು ದಿನ ಮೊದಲೇ ತಲುಪಿ, ಹೊಟ್ಟೆತುಂಬ ಉಂಡು, ಬೇಗ ಮಲಗಿ. ಆ ರಾತ್ರಿ ಕುಡಿತ ಬೇಡ. ಇದನ್ನು ಹೊರಡುವ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಅಲ್ಲಿ ಹೋದ ಮೇಲೆ ಹೇಳಿದರೆ ಮನಸ್ತಾಪಕ್ಕೆ ದಾರಿ.

ಈಗ ಸಾಮಾನು. ಹೊಸಬರು ಬೋರ್ಡು ಕೊಂಡು ಹೊತ್ತೊಯ್ಯಬೇಕಾಗಿಲ್ಲ. ಎಂಟರಿಂದ ಒಂಬತ್ತು ಅಡಿಯ, ಮೇಲ್ಮೈ ಮೆತ್ತಗಿರುವ ಫೋಮ್ ಬೋರ್ಡನ್ನು ಕಲಿಸುವವರೇ ಕೊಡುತ್ತಾರೆ. ಅದು ಅಗಲ, ತೇಲುತ್ತದೆ, ತಲೆಗೆ ತಾಗಿದರೂ ಪೆಟ್ಟು ಕಡಿಮೆ. ಸ್ವಂತ ಬೋರ್ಡು ಇರುವವರು ಅದನ್ನು ರೈಲಿನ ಬರ್ತಿನಡಿ ತೂರಿಸಲಾರರು, ಲಗೇಜಿನಲ್ಲಿ ಹಾಕಬೇಕು. ಕಾರಿನ ಮಾಡೇ ಉತ್ತಮ. ಮೊದಲು ಬೋರ್ಡಿನ ಅಡಿಯಲ್ಲಿರುವ ರೆಕ್ಕೆಗಳನ್ನು, ಅಂದರೆ ಫಿನ್‌ಗಳನ್ನು ಬಿಚ್ಚಿ, ಅವುಗಳ ಸ್ಕ್ರೂ ಮತ್ತು ಅಲೆನ್ ಕೀ ಜೊತೆ ಒಂದೇ ಡಬ್ಬಿಯಲ್ಲಿಡಿ. ಆ ಪುಟ್ಟ ಕೀ ಮನೆಯಲ್ಲುಳಿದರೆ ಇಡೀ ಬೋರ್ಡು ನಿರುಪಯೋಗ. ಮಾಡಿನ ಮೇಲೆ ದಪ್ಪ ಬಟ್ಟೆ ಹಾಸಿ, ಕಾಲು ಜಾರದಂತೆ ವ್ಯಾಕ್ಸ್ ಹಚ್ಚಿದ ಮುಖ ಕೆಳಗಾಗುವಂತೆ ಮಲಗಿಸಿ, ಪಟ್ಟಿಯನ್ನು ಅಲುಗದಷ್ಟು ಮಾತ್ರ ಬಿಗಿಯಿರಿ. ಅತಿಯಾಗಿ ಎಳೆದರೆ ಅಂಚು ನಜ್ಜುತ್ತದೆ. ಪಟ್ಟಿಗೆ ಒಂದು ಸುತ್ತು ತಿರುವು ಕೊಟ್ಟರೆ ಗಾಳಿಗೆ ಅದು ದಾರಿಯುದ್ದಕ್ಕೂ ಗುಂಯ್‌ಗುಡುವುದು ತಪ್ಪುತ್ತದೆ. ಊಟಕ್ಕೆ ನಿಲ್ಲಿಸುವಾಗ ನೆರಳು ಹುಡುಕಿ. ಬಿಸಿಲಿಗೆ ವ್ಯಾಕ್ಸ್ ಕರಗುವುದಷ್ಟೇ ಅಲ್ಲ, ಬೋರ್ಡಿನ ಪದರಗಳೇ ಬಿಟ್ಟುಕೊಳ್ಳಬಹುದು.

ಲೀಶ್ ಬಗ್ಗೆ ಇನ್ನೊಂದು ಮಾತು. ಹಿಂಗಾಲಿನ ಕಣಕಾಲಿಗೆ ಕಟ್ಟುವ ಈ ಹಗ್ಗ ಹೆಚ್ಚುಕಡಿಮೆ ಬೋರ್ಡಿನಷ್ಟೇ ಉದ್ದವಿರಬೇಕು. ಎಲ್ಲಾದರೂ ಸೀಳಿದೆಯೇ, ವೆಲ್ಕ್ರೊ ಸಡಿಲವಾಗಿದೆಯೇ ಎಂದು ಮನೆಯಲ್ಲೇ ಎಳೆದು ನೋಡಿ. ಅದು ತುಂಡಾದರೆ ಬೋರ್ಡು ಹಿಂದೆ ಇರುವವರ ಮೇಲೆ ನುಗ್ಗುತ್ತದೆ, ನಿಮಗೆ ಹಿಡಿದು ತೇಲಲು ಏನೂ ಉಳಿಯುವುದಿಲ್ಲ.

ಬಟ್ಟೆಯಲ್ಲಿ ಕಾಟನ್ ಟೀಶರ್ಟ್ ಬೇಡವೇ ಬೇಡ. ನೀರು ಕುಡಿದು ಭಾರವಾಗುತ್ತದೆ, ಎದೆ ಕಂಕುಳು ಉಜ್ಜಿ ಕೆಂಪಾಗುತ್ತದೆ. ಮೈಗಂಟುವ ಉದ್ದತೋಳಿನ ಲೈಕ್ರಾ ಅಂಗಿ, ಹೆಂಗಸರಿಗೂ ಗಂಡಸರಿಗೂ ಲೆಗ್ಗಿಂಗ್ಸ್ ಸಾಕು. ನಮ್ಮ ಕಡಲು ಬೆಚ್ಚಗಿರುವುದರಿಂದ ವೆಟ್‌ಸೂಟ್ ಅಗತ್ಯವಿಲ್ಲ. ಟರ್ಕಿ ಟವೆಲ್ ಬದಲು ಕರಾವಳಿಯವರ ತೆಳು ಬೈರಾಸು ಒಯ್ಯಿರಿ, ಬೇಗ ಒಣಗುತ್ತದೆ, ಬಟ್ಟೆ ಬದಲಿಸಲು ಮರೆಯೂ ಆಗುತ್ತದೆ. ಸನ್‌ಸ್ಕ್ರೀನ್ ಮುಖಕ್ಕೆ ಹಚ್ಚಿ ಸುಮ್ಮನಾಗಬೇಡಿ. ಬೋರ್ಡಿನ ಮೇಲೆ ಬೋರಲು ಮಲಗಿರುವಾಗ ಸುಡುವುದು ಮಂಡಿಯ ಹಿಂಭಾಗ, ಮೀನಖಂಡ, ಕತ್ತಿನ ಹಿಂದೆ. ಕೊಬ್ಬರಿ ಎಣ್ಣೆಯ ಸಣ್ಣ ಸೀಸೆ ಇರಲಿ, ಮೈಗಂಟಿದ ವ್ಯಾಕ್ಸ್ ತೆಗೆಯುವುದಕ್ಕೆ ಮತ್ತು ಉಜ್ಜಿದ ಜಾಗಕ್ಕೆ. ಆದರೆ ನೀರಿಗಿಳಿಯುವ ಮೊದಲು ಹಚ್ಚಿದರೆ ಬೋರ್ಡಿನ ಮೇಲೆ ಜಾರುತ್ತೀರಿ. ಉಬ್ಬಸದ ಇನ್‌ಹೇಲರ್, ದಿನದ ಮಾತ್ರೆ ಇರುವವರು ಅವುಗಳನ್ನು ನೀರು ಹೋಗದ ಚೀಲದಲ್ಲಿಟ್ಟು, ಎಲ್ಲಿದೆ ಎಂದು ಉಳಿದವರಿಗೂ ಹೇಳಿರಬೇಕು.

ಯಾವ ಚೀಲದಲ್ಲೂ ಹಿಡಿಯದ ಸಿದ್ಧತೆ ಒಂದಿದೆ. ಸರದಿಯ ಮೇಲೆ ಒಬ್ಬರು ಸದಾ ದಡದಲ್ಲಿರಬೇಕು. ಕಾರಿನ ಕೀ, ಫೋನು, ನೀರಿನ ಬಾಟಲಿ, ಮಾತ್ರೆ ಎಲ್ಲ ಅವರ ವಶ. ಅವರ ಮುಖ್ಯ ಕೆಲಸ ತಲೆ ಎಣಿಸುವುದು. ಇದನ್ನು ಶಿಕ್ಷೆಯೆಂದು ತಿಳಿಯಬಾರದು. ದಡದಿಂದ ನೋಡುವವರಿಗೆ ನೀರಿನ ಸೆಳೆತ ಮೊದಲು ಕಾಣುತ್ತದೆ. ಎಲ್ಲೆಡೆ ತೆರೆ ಒಡೆದು ನೊರೆಯಾಗುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ತುಸು ಗಾಢ ಬಣ್ಣದಲ್ಲಿರುತ್ತದೆ. ಹೊಸಬರು ಅದೇ ಸುರಕ್ಷಿತ ಜಾಗ ಎಂದುಕೊಂಡು ಅತ್ತ ಹೋಗುತ್ತಾರೆ. ದಡಕ್ಕೆ ಬಂದ ನೀರು ಕಡಲಿಗೆ ಮರಳುವ ದಾರಿ ಅದು. ಸಿಕ್ಕಿಕೊಂಡರೆ ಬೋರ್ಡು ಬಿಡಬಾರದು, ದಡದತ್ತ ನೇರ ಗುದ್ದಾಡಬಾರದು. ಕಿನಾರೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸಾಗಿ ನೊರೆಯಿರುವ ಕಡೆ ಸೇರಬೇಕು, ಕೈಯೆತ್ತಿ ಕರೆಯಬೇಕು. ಇದನ್ನು ಹಿಂದಿನ ಸಂಜೆಯೇ ಎಲ್ಲರೂ ಒಮ್ಮೆ ಬಾಯಲ್ಲಿ ಹೇಳಿಕೊಳ್ಳಿ.

ಹೋದ ವರ್ಷ ಬಂದಿದ್ದೇವೆ, ಜಾಗ ಗೊತ್ತು ಎನ್ನುವ ಧೈರ್ಯ ಇಲ್ಲಿ ನಡೆಯದು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆ ಸಸಿಹಿತ್ಲುವಿನ ಪಕ್ಕದಲ್ಲಿದೆ. ಪ್ರತಿ ಮಳೆಗಾಲವೂ ಮರಳಿನ ದಿಬ್ಬಗಳನ್ನು ಬೇರೆ ಕಡೆ ಇಡುತ್ತದೆ. ಇವತ್ತಿನ ಆಳ ಗೊತ್ತಿರುವುದು ಇವತ್ತು ಬೆಳಿಗ್ಗೆ ದೋಣಿ ಇಳಿಸಿದ ಮೀನುಗಾರರಿಗೆ, ಕಲಿಸುವ ಹುಡುಗರಿಗೆ. ಕೇಳಿದರೆ ಪ್ರೀತಿಯಿಂದ ಹೇಳುತ್ತಾರೆ. ಮೀನುಗಾರರು ದಡದಿಂದ ಕೈರಂಪಣಿ ಬಲೆ ಎಳೆಯುತ್ತಿದ್ದರೆ ಮುಗಿಯುವವರೆಗೆ ಕಾಯುವುದು ನಮ್ಮ ಕರ್ತವ್ಯ. ಅವರದು ಹೊಟ್ಟೆಪಾಡು, ನಾವು ಬಂದಿರುವುದು ಆಟಕ್ಕೆ.

ಕಡಲು ಬೇಡವೆಂದ ದಿನಕ್ಕೂ ಮೊದಲೇ ಏರ್ಪಾಡು ಇರಲಿ. ಶಾಂಭವಿಯ ಹಿನ್ನೀರಿನಲ್ಲಿ ಬೋರ್ಡಿನ ಮೇಲೆ ನಿಂತು ಹುಟ್ಟು ಹಾಕುವ ಸ್ಟ್ಯಾಂಡ್‌ಅಪ್ ಪ್ಯಾಡ್ಲಿಂಗ್ ಕಲಿಸುತ್ತಾರೆ. ಈ ಆಟದಲ್ಲಿ ದೇಶಕ್ಕೆ ಹೆಸರು ತಂದ ತನ್ವಿ ಜಗದೀಶ್ ಮೂಲ್ಕಿಯ ನೀರಿನಲ್ಲೇ ಕಲಿತವರು. ಲೈಫ್ ಜಾಕೆಟ್ ತೊಟ್ಟರೆ ಈಜು ಬಾರದವರೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಎಲ್ಲರ ಜೊತೆ ಸಾಗಬಹುದು. ಉಬ್ಬರದೊಂದಿಗೆ ಒಳಕ್ಕೆ ಹೋಗಿ ಇಳಿತದೊಂದಿಗೆ ಮರಳುವಂತೆ ಹೊತ್ತು ನೋಡಿಕೊಂಡರೆ ತೋಳಿಗೆ ದಣಿವು ಕಡಿಮೆ. ಆದರೆ ಇಳಿತದ ನೀರು ಅಳಿವೆಯತ್ತಲೇ ಎಳೆಯುವುದರಿಂದ ಬಹಳ ಮೊದಲೇ ದಡ ಹತ್ತಬೇಕು. ಎಲ್ಲಿ ಹತ್ತುವುದೆಂದು ಹೊರಡುವ ಮೊದಲೇ ಹುಟ್ಟು ಹಿಡಿದ ಪ್ರತಿಯೊಬ್ಬರಿಗೂ ಕೈ ಮಾಡಿ ತೋರಿಸಿಡಿ.