ಉತ್ತರ ಕರ್ನಾಟಕದ ದೇಶೀ ಗೃಹಾಲಂಕಾರ

ಉತ್ತರ ಕರ್ನಾಟಕದ ದೇಶೀ ಗೃಹಾಲಂಕಾರ ಎಂದರೆ ಸ್ಥಳೀಯವಾಗಿ ದೊರೆಯುವ ಮಣ್ಣು, ಸುಣ್ಣ, ಮರ, ಲೋಹ ಹಾಗೂ ಹತ್ತಿಬಟ್ಟೆಗಳಿಂದ ಮನೆಯನ್ನು ಸಿಂಗರಿಸುವ ಸಾಂಪ್ರದಾಯಿಕ ಪದ್ಧತಿ. ಹಾವೇರಿ ಜಿಲ್ಲೆಯ ಬಂಕಾಪುರ ಮತ್ತು ಅದರ ಸುತ್ತಲಿನ ಶಿಗ್ಗಾಂವಿ, ಹಾನಗಲ್ಲ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಬಯಲುಸೀಮೆ ಹಾಗೂ ಮಲೆನಾಡಿನ ನಡುವೆ ಇರುವುದರಿಂದ ಎರಡೂ ಕಡೆಯ ಶೈಲಿಗಳು ಇಲ್ಲಿಗೆ ಸಮೀಪವಾಗಿವೆ. ಈ ಪದ್ಧತಿಯಲ್ಲಿ ಅಲಂಕಾರವು ಬಳಕೆಯಿಂದ ಬೇರೆಯಾಗಿಲ್ಲ. ಗೋಡೆಯ ಬಣ್ಣ ಗೋಡೆಯನ್ನು ಕಾಯುತ್ತದೆ, ನೆಲಹಾಸು ಕೂರಲು ಒದಗುತ್ತದೆ, ಚಿತ್ತಾರದ ಹೊದಿಕೆ ಚಳಿಯನ್ನು ತಡೆಯುತ್ತದೆ. ಇಂದು ನಗರಗಳ ಮನೆಗಳಲ್ಲಿ ‘ಭಾರತೀಯ ಶೈಲಿ’ಯ ಅಲಂಕಾರಕ್ಕೆ ಬೇಡಿಕೆ ಇದ್ದು, ಈ ಭಾಗದ ಅನೇಕ ಕರಕುಶಲ ವಸ್ತುಗಳು ಹೊಸ ರೂಪದಲ್ಲಿ ಬಳಕೆಗೆ ಬಂದಿವೆ.

ಹಿನ್ನೆಲೆ

ಬಂಕಾಪುರಕ್ಕೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ದಂಡನಾಯಕನಾದ ಬಂಕೆಯನಿಂದ ಆ ಹೆಸರು ಬಂದಿದೆ. ಊರಿನ ಕೋಟೆಯೊಳಗಿರುವ ನಗರೇಶ್ವರ ದೇವಾಲಯವನ್ನು ಜನರು ‘ಅರವತ್ತು ಕಂಬದ ಗುಡಿ’ ಎಂದು ಕರೆಯುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯ ನುಣುಪಾದ ಕಡೆದ ಕಂಬಗಳು ಈ ಗುಡಿಯ ವೈಶಿಷ್ಟ್ಯ. ಕೋಟೆಯ ಆವರಣ ಇಂದು ನವಿಲುಧಾಮವಾಗಿದೆ. ಕಂಬ, ತಾವರೆ, ನವಿಲು, ಆನೆ, ಗೋಪುರಗಳು ಗುಡಿಗಳಲ್ಲಿ ಕಾಣುವಂತೆಯೇ ಈ ಪ್ರದೇಶದ ಬಡಗಿಗಳ ಕೆತ್ತನೆಯಲ್ಲೂ ಹೆಣ್ಣುಮಕ್ಕಳ ಕಸೂತಿಯಲ್ಲೂ ಕಾಣಸಿಗುತ್ತವೆ.

ಪೂರ್ವದ ಒಣಭೂಮಿಯಲ್ಲಿ ಮಣ್ಣಿನ ದಪ್ಪ ಗೋಡೆ ಮತ್ತು ಸಪಾಟಾದ ಮೇಲ್ಛಾವಣಿಯ ಮಾಳಿಗೆ ಮನೆಗಳೂ, ಮಳೆ ಹೆಚ್ಚಿರುವ ಹಾನಗಲ್ಲದ ಕಡೆಗೆ ಇಳಿಜಾರಿನ ಹೆಂಚಿನ ಮನೆಗಳೂ ಹೆಚ್ಚಾಗಿ ಕಾಣುತ್ತಿದ್ದವು. ಮನೆಯ ಮುಂದೆ ಕಟ್ಟೆ, ಒಳಗೆ ಪಡಸಾಲೆ, ನಡುಮನೆ, ಅಡುಗೆಮನೆ ಮತ್ತು ದೇವರ ಜಗುಲಿ ಇರುತ್ತಿದ್ದವು. ಗೋಡೆಯಲ್ಲಿ ದೀಪ ಇಡಲು ಗೂಡು, ಬಟ್ಟೆ ತೂಗುಹಾಕಲು ಗಿಳಿಗೂಟ, ಹಾಲು ಮೊಸರು ಇಡಲು ಮೇಲಿನಿಂದ ಇಳಿಬಿಟ್ಟ ನೆಲುವು ಇರುತ್ತಿದ್ದವು. ಪೀಠೋಪಕರಣಗಳು ಕಡಿಮೆ ಇದ್ದ ಇಂತಹ ಮನೆಯಲ್ಲಿ ಗೋಡೆ, ನೆಲ, ಬಾಗಿಲು ಮತ್ತು ಬಟ್ಟೆಗಳೇ ಅಲಂಕಾರದ ನೆಲೆಗಳಾಗಿದ್ದವು.

ಬಣ್ಣಗಳು

ಗೋಡೆಯ ಪ್ರಧಾನ ಬಣ್ಣ ಸುಣ್ಣದ ಬಿಳುಪು. ಕಿಟಕಿಗಳು ಚಿಕ್ಕದಾಗಿದ್ದ ಮನೆಗಳಲ್ಲಿ ಬಿಳಿಯ ಗೋಡೆಯು ಒಳಗೆ ಬಂದ ಅಲ್ಪ ಬೆಳಕನ್ನು ಹರಡುತ್ತಿತ್ತು. ಹಚ್ಚಿದ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಈ ಪದರದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುವುದರಿಂದ ಮಣ್ಣಿನ ಗೋಡೆಯೊಳಗಿನ ತೇವ ಹೊರಗೆ ಆರಿಹೋಗಲು ಅವಕಾಶವಿರುತ್ತದೆ. ಸುಣ್ಣಕ್ಕೆ ಸ್ವಲ್ಪ ನೀಲಿ ಬೆರೆಸಿ ತಿಳಿನೀಲಿ ಛಾಯೆಯನ್ನು ಪಡೆಯುವ ರೂಢಿಯೂ ಇದೆ.

ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯಲಾಗುತ್ತದೆ. ಕಬ್ಬಿಣದ ಆಕ್ಸೈಡ್‌ನಿಂದ ಈ ಮಣ್ಣಿಗೆ ಕೆಂಪು ಬಂದಿದೆ. ಮಳೆಹನಿ ಸಿಡಿಯುವ, ಕಾಲಿನ ಧೂಳು ತಾಗುವ ಜಾಗದಲ್ಲಿ ಕೊಳೆ ಎದ್ದು ಕಾಣದಂತೆ ಮಾಡುವುದು ಈ ಪಟ್ಟಿಯ ಕೆಲಸ. ಬಿಳಿಯ ಗೋಡೆಗೆ ಅದು ಅಂಚೂ ಆಗುತ್ತದೆ. ದೀಪಾವಳಿಯಂತಹ ಹಬ್ಬಗಳಿಗೆ ಮೊದಲು ಮನೆಗೆ ಸುಣ್ಣ ಬಳಿದು, ನೆಲ ಸಾರಿಸಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಮುಂದೆ ರಂಗೋಲಿ ಹಾಕಿ, ಬಾಗಿಲಿಗೆ ಮಾವಿನ ತೋರಣ ಕಟ್ಟಲಾಗುತ್ತದೆ. ಹೀಗೆ ಬಣ್ಣವು ಒಮ್ಮೆ ಹಚ್ಚಿ ಮರೆಯುವ ವಸ್ತುವಾಗಿರದೆ ವರ್ಷವರ್ಷವೂ ನವೀಕರಣಗೊಳ್ಳುವ ಮನೆಗೆಲಸವಾಗಿದೆ.

ಹಾನಗಲ್ಲ ಮತ್ತು ಹಿರೇಕೆರೂರಿನ ನೆರೆಯ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ ಭಾಗಗಳಲ್ಲಿ ದೀವರ ಸಮುದಾಯದ ಮಹಿಳೆಯರು ಬಿಡಿಸುವ ಹಸೆ ಚಿತ್ತಾರ ಪ್ರಸಿದ್ಧವಾಗಿದೆ. ಮದುವೆಯ ಸಂದರ್ಭದಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಇದನ್ನು ಬರೆಯಲಾಗುತ್ತದೆ. ಅಕ್ಕಿಹಿಟ್ಟಿನಿಂದ ಬಿಳಿ, ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ ಬಣ್ಣ ತಯಾರಿಸಿ, ಪುಂಡಿನಾರಿನ ಕುಂಚದಿಂದ ನೇರ ಗೆರೆಗಳ ಜ್ಯಾಮಿತೀಯ ಚಿತ್ರವನ್ನು ರಚಿಸುತ್ತಾರೆ.

ಬಟ್ಟೆ ಮತ್ತು ಹಾಸು

ಕೌದಿ: ಹಳೆಯ ಹತ್ತಿ ಸೀರೆ, ಧೋತರಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಕೈಯಿಂದ ಹೊಲಿದ ಹೊದಿಕೆ. ಬಟ್ಟೆಯನ್ನು ಎಸೆಯದೆ ಮತ್ತೆ ಬಳಸುವುದು ಇದರ ಮೂಲ ಉದ್ದೇಶ. ಶಿಗ್ಗಾಂವಿಗೆ ಹೊಂದಿಕೊಂಡಿರುವ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ಹಾಗೂ ಯಲ್ಲಾಪುರ, ಹಳಿಯಾಳ ತಾಲ್ಲೂಕುಗಳ ಸಿದ್ದಿ ಮಹಿಳೆಯರ ಕೌದಿಗಳು ಗಾಢ ಬಣ್ಣಗಳ ಜೋಡಣೆಗೆ ಹೆಸರಾಗಿವೆ. ಅವರು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ.

ಜಮಖಾನೆ: ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮುಸ್ಲಿಂ ಮಹಿಳೆಯರು ಲಂಬವಾದ ಮಗ್ಗದ ಮೇಲೆ ನೇಯುವ ಹತ್ತಿಯ ನೆಲಹಾಸು. ಪಗಡೆಯ ಹಾಸು, ನವಿಲು ಮತ್ತು ಜ್ಯಾಮಿತೀಯ ಆಕೃತಿಗಳು ಇದರ ಮುಖ್ಯ ವಿನ್ಯಾಸಗಳು.

ಕಸೂತಿ: ಧಾರವಾಡ ಸೀಮೆಯ ಕೈಹೊಲಿಗೆ. ಗವಂತಿ, ಮುರ್ಗಿ, ನೇಗಿ ಮತ್ತು ಮೆಂತೆ ಇದರ ನಾಲ್ಕು ಬಗೆಗಳು. ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಗಳಲ್ಲಿ ಒಂದೇ ರೀತಿ ಕಾಣುತ್ತವೆ. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲುಗಳನ್ನು ಎಳೆ ಎಣಿಸಿ ಹೊಲಿಯಲಾಗುತ್ತದೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ.

ಲಂಬಾಣಿ ಕಸೂತಿ: ಕನ್ನಡಿ, ಕವಡೆ ಮತ್ತು ಗಾಢ ಬಣ್ಣದ ದಾರಗಳಿಂದ ಕೂಡಿದ ಕೆಲಸ. ಹಾವೇರಿ ಜಿಲ್ಲೆಯಲ್ಲೂ ಲಂಬಾಣಿ ತಾಂಡಾಗಳಿವೆ. ಬಳ್ಳಾರಿ ಜಿಲ್ಲೆಯ ಸಂಡೂರು ಈ ಕಸೂತಿಯ ಪ್ರಮುಖ ಕೇಂದ್ರ.

ಇಳಕಲ್ಲ ಸೀರೆ ಮತ್ತು ಗುಳೇದಗುಡ್ಡದ ಖಣ: ಬಾಗಲಕೋಟೆ ಜಿಲ್ಲೆಯ ಈ ಕೈಮಗ್ಗದ ಬಟ್ಟೆಗಳು ಮೂಲತಃ ಉಡುಪಿಗಾಗಿ ನೇಯ್ದವು. ಇಂದು ಖಣದ ಬಟ್ಟೆಯಿಂದ ದಿಂಬಿನ ಚೀಲ, ಪರದೆಯ ಅಂಚು, ತೋರಣಗಳನ್ನೂ ತಯಾರಿಸಲಾಗುತ್ತಿದೆ.

ಮೇಲಿನವುಗಳಲ್ಲಿ ನವಲಗುಂದದ ಜಮಖಾನೆ, ಕಸೂತಿ, ಸಂಡೂರಿನ ಲಂಬಾಣಿ ಕಸೂತಿ, ಇಳಕಲ್ಲ ಸೀರೆ ಮತ್ತು ಗುಳೇದಗುಡ್ಡದ ಖಣಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಇದಕ್ಕೆ ಆಧಾರವಾದ ಕಾಯ್ದೆ 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದಿತು. ಅಲಂಕಾರಕ್ಕೆ ಬಳಸುವ ಇತರ ವಸ್ತುಗಳಲ್ಲಿ ಕೊಪ್ಪಳ ಜಿಲ್ಲೆಯ ಕಿನ್ನಾಳದ ಬಣ್ಣದ ಮರದ ಗೊಂಬೆಗಳು, ಬೀದರಿನ ಬಿದರಿ ಕಲಾಕೃತಿಗಳು ಹಾಗೂ ಹಿತ್ತಾಳೆಯ ದೀಪ, ಕೊಡ, ತಂಬಿಗೆಗಳು ಸೇರಿವೆ.

ಆಧುನಿಕ ಮನೆಗಳಲ್ಲಿ ಬಳಕೆ

ಸಾಂಪ್ರದಾಯಿಕ ಮನೆಯಲ್ಲಿ ಗಾಢ ಬಣ್ಣಕ್ಕೆ ಸದಾ ಒಂದು ಸರಳ ಹಿನ್ನೆಲೆ ಇರುತ್ತಿತ್ತು. ಬಿಳಿ ಗೋಡೆ ಮತ್ತು ಮಣ್ಣಿನ ಬಣ್ಣದ ನೆಲದ ನಡುವೆ ಕೌದಿಯ ಹತ್ತಾರು ಬಣ್ಣಗಳು ಒಂದಕ್ಕೊಂದು ಪೈಪೋಟಿಗೆ ಇಳಿಯುತ್ತಿರಲಿಲ್ಲ. ಹೊಸ ಮನೆಗಳಲ್ಲಿಯೂ ಇದೇ ಕ್ರಮ ಹೊಂದುತ್ತದೆ. ಗೋಡೆಗಳನ್ನು ಬಿಳಿ ಅಥವಾ ತಿಳಿಬಣ್ಣದಲ್ಲಿ ಉಳಿಸಿಕೊಂಡು, ಒಂದು ಕೋಣೆಗೆ ಒಂದು ಪ್ರಧಾನ ವಸ್ತುವನ್ನು ಆರಿಸಿದರೆ ಅದರ ಕೆಲಸ ಕಣ್ಣಿಗೆ ಬೀಳುತ್ತದೆ. ಲಂಬಾಣಿ ಕಸೂತಿ ಇರುವ ಕೋಣೆಯಲ್ಲಿ ಮತ್ತೊಂದು ದಟ್ಟ ವಿನ್ಯಾಸದ ಜಮಖಾನೆ ಹಾಸಿದರೆ ಎರಡರ ಅಂದವೂ ಕುಂದುತ್ತದೆ.

ನೆಲಕ್ಕೆ ಸಿಮೆಂಟಿನೊಡನೆ ಕೆಂಪು ಆಕ್ಸೈಡ್ ಬೆರೆಸಿ ನುಣುಪುಗೊಳಿಸುವ ವಿಧಾನವು ಕೆಮ್ಮಣ್ಣಿನ ಬಣ್ಣವನ್ನು ಹೊಸ ಕಟ್ಟಡಕ್ಕೂ ತರುತ್ತದೆ. ಆದರೆ ಹಳೆಯ ಮಣ್ಣಿನ ಮನೆಯನ್ನು ದುರಸ್ತಿ ಮಾಡುವಾಗ ಎಚ್ಚರ ಅಗತ್ಯ. ಅದರ ಗೋಡೆಗೆ ಸಿಮೆಂಟ್ ಗಿಲಾವು ಅಥವಾ ಪ್ಲಾಸ್ಟಿಕ್ ಅಂಶವುಳ್ಳ ಬಣ್ಣ ಹಚ್ಚಿದರೆ ತೇವ ಒಳಗೇ ಉಳಿದು, ಪದರ ಉಬ್ಬಿ ಉದುರುವ ಮತ್ತು ಗೋಡೆ ಸಡಿಲಗೊಳ್ಳುವ ಸಂಭವವಿದೆ. ಅಂತಹ ಗೋಡೆಗೆ ಸುಣ್ಣವೇ ಸೂಕ್ತ.

ಕೈಯಿಂದ ನೇಯ್ದ, ಹೊಲಿದ ಬಟ್ಟೆಗಳನ್ನು ಸತತ ಬಿಸಿಲಿನಲ್ಲಿ ಇಟ್ಟರೆ ಬಣ್ಣ ಮಾಸುತ್ತದೆ. ಕನ್ನಡಿ ಕೆಲಸದ ಬಟ್ಟೆಯನ್ನು ನೆಲಕ್ಕೆ ಹಾಸದೆ ಗೋಡೆಗೆ ತೂಗುಹಾಕುವುದು ಅಥವಾ ದಿಂಬಿನ ಚೀಲಕ್ಕೆ ಬಳಸುವುದು ರೂಢಿ. ಹರಿದ ಕೌದಿಯ ಮೇಲೆ ಹೊಸ ತುಂಡು ಇಟ್ಟು ಹೊಲಿದು ಮತ್ತೆ ಬಳಸಬಹುದು.

ಸವಾಲುಗಳು

ಕೈಕೆಲಸದ ವಿನ್ಯಾಸಗಳನ್ನು ಯಂತ್ರದಲ್ಲಿ ಮುದ್ರಿಸಿದ ಅಗ್ಗದ ಬಟ್ಟೆಗಳು ಮೂಲ ಕುಶಲಕರ್ಮಿಗಳ ಮಾರುಕಟ್ಟೆಯನ್ನು ಕುಗ್ಗಿಸುತ್ತವೆ. ಎಳೆ ಎಣಿಸಿ ಹೊಲಿಯುವ ಕಸೂತಿಗೆ ತಗಲುವ ಸಮಯಕ್ಕೆ ತಕ್ಕ ಬೆಲೆ ಸಿಗದಿದ್ದಾಗ ಮುಂದಿನ ತಲೆಮಾರು ಆ ಕೆಲಸವನ್ನು ಕಲಿಯುವುದಿಲ್ಲ. ನವಲಗುಂದದ ಜಮಖಾನೆ ನೇಯುವವರ ಸಂಖ್ಯೆ ಬಹಳ ಇಳಿದಿರುವುದು ಇದಕ್ಕೆ ಉದಾಹರಣೆ. ಭೌಗೋಳಿಕ ಸೂಚಕವು ಹೆಸರಿಗೆ ಕಾನೂನಿನ ರಕ್ಷಣೆ ನೀಡಿದರೂ ಕೊಳ್ಳುವವರು ಅಸಲು ಕೆಲಸವನ್ನು ಗುರುತಿಸದೆ ಅದರ ಪ್ರಯೋಜನ ನೇಕಾರರಿಗೆ ತಲುಪುವುದಿಲ್ಲ. ಕೈ ಕಸೂತಿಯನ್ನು ಗುರುತಿಸಲು ಬಟ್ಟೆಯ ಹಿಂಬದಿಯನ್ನು ನೋಡುವುದು ಒಂದು ಸರಳ ವಿಧಾನ. ಮುದ್ರಿತ ಬಟ್ಟೆಯ ಹಿಂಬದಿಯಲ್ಲಿ ಹೊಲಿಗೆಯೇ ಇರುವುದಿಲ್ಲ.

ಹಳೆಯ ಮನೆಗಳನ್ನು ಕೆಡವಿದಾಗ ಕೆತ್ತನೆಯ ಕಂಬ, ಬಾಗಿಲುಗಳು ಬಿಡಿಬಿಡಿಯಾಗಿ ಮಾರಾಟವಾಗುತ್ತವೆ. ಅವು ಬೇರೆಡೆ ಅಲಂಕಾರವಾಗಿ ಉಳಿದರೂ ಯಾವ ಊರಿನ, ಯಾವ ಬಗೆಯ ಮನೆಗೆ ಸೇರಿದ್ದವು ಎಂಬ ಮಾಹಿತಿ ಅಳಿದುಹೋಗುತ್ತದೆ. ನೂರು ವರ್ಷಕ್ಕಿಂತ ಹಳೆಯದಾದ ಕಲಾವಸ್ತುಗಳ ರಫ್ತನ್ನು 1972ರ ಪ್ರಾಚ್ಯವಸ್ತು ಕಾಯ್ದೆ ನಿರ್ಬಂಧಿಸುತ್ತದೆ.

ಸಂರಕ್ಷಣೆ

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಉತ್ತರ ಕರ್ನಾಟಕದ ಗ್ರಾಮಜೀವನವನ್ನು ಸಹಜ ಗಾತ್ರದ ಶಿಲ್ಪಗಳ ಮೂಲಕ ತೋರಿಸಲಾಗಿದೆ. ಸಾಂಪ್ರದಾಯಿಕ ಮನೆ, ಕಸುಬು ಮತ್ತು ಉಡುಗೆಗಳನ್ನು ಒಂದೇ ಕಡೆ ಕಾಣಲು ವಿದ್ಯಾರ್ಥಿಗಳಿಗೆ ಇದು ಅನುಕೂಲವಾಗಿದೆ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಗೊಟಗೋಡಿಯಲ್ಲಿಯೇ ಇದ್ದು, ಜನಪದ ಕಲೆ ಹಾಗೂ ಸಂಸ್ಕೃತಿಯ ಅಧ್ಯಯನಕ್ಕೆ ಮೀಸಲಾಗಿದೆ. ಶಿಲ್ಪ ಮತ್ತು ಅಧ್ಯಯನಗಳು ವಸ್ತುಗಳ ರೂಪವನ್ನು ದಾಖಲಿಸಬಲ್ಲವು. ಕೌದಿ ಹೊಲಿಯುವ, ಜಮಖಾನೆ ನೇಯುವ, ಸುಣ್ಣ ಹದಗೊಳಿಸುವ ತಿಳಿವಳಿಕೆಯಾದರೋ ಮನೆಗಳಲ್ಲಿ ಅವುಗಳ ಬಳಕೆ ಮುಂದುವರಿದರೆ ಮಾತ್ರ ಉಳಿಯುತ್ತದೆ.